ಎಡ ಮಡಿಕೆ ಮೇಲಿರಬೇಕು

ಅರಸೀಕೆರೆಯಲ್ಲಿ ನಮ್ಮದು ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿ. ಮಾವನವರ ಕಾಲದಲ್ಲಿ ನಾಟಕದವರಿಗೆ ಕೊಡುತ್ತಿದ್ದರು. ಈಗ ಶಾಲೆಗಳ ವಾರ್ಷಿಕೋತ್ಸವಗಳಿಂದ ನಡೆಯುತ್ತದೆ. ರಾಜ, ರಾಣಿ, ಹುಲಿ, ಪೊಲೀಸು, ಬದನೆಕಾಯಿ, ಎಲ್ಲವೂ ಇದೆ. ಗಂಡಸಿ, ಬಾಣಾವರ, ಹಳೇಬೀಡಿನ ಕಡೆಯಿಂದಲೂ ಮೇಷ್ಟ್ರುಗಳು ಬಂದು ಗಂಟು ಕಟ್ಟಿಸಿಕೊಂಡು ಹೋಗುತ್ತಾರೆ. ವೇಷಕ್ಕೂ ನಿಯಮ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹರಿಯದ ಹಾಗೆ ವಾಪಸ್ಸು ತರಬೇಕು, ಅಷ್ಟೇ ನನಗೆ ಗೊತ್ತಿದ್ದ ನಿಯಮ.

ಒಂದು ಮಧ್ಯಾಹ್ನ ಊರಾಚೆಯ ನರ್ಸಿಂಗ್ ಕಾಲೇಜಿನ ಇಬ್ಬರು ಹುಡುಗಿಯರು ಅಂಗಡಿಗೆ ಬಂದರು.

"ಆಂಟಿ, ಕಿಮೊನೊ ಇದೆಯಾ?"

ಟಿವಿಯಲ್ಲಿ ನೋಡಿದ್ದೆ. ನೆಲದವರೆಗೆ ಇಳಿಯುವ ನಿಲುವಂಗಿ, ಅಗಲ ತೋಳು, ಸೊಂಟಕ್ಕೆ ದಪ್ಪ ಪಟ್ಟಿ. ನನ್ನಲ್ಲಿ ಇರಲಿಲ್ಲ. ಇಲ್ಲ ಅನ್ನುವುದು ವ್ಯಾಪಾರದವರ ಬಾಯಲ್ಲಿ ಬೇಗ ಬರುವುದಿಲ್ಲ. "ಯಾವತ್ತಿಗೆ ಬೇಕು, ಹೊಲಿಸಿ ಕೊಡ್ತೀನಿ" ಅಂದೆ. ಅಷ್ಟರಲ್ಲಿ ಫೋನು ನೋಡುತ್ತಿದ್ದ ಇನ್ನೊಬ್ಬಳು ಗೆಳತಿಯ ತೋಳು ಹಿಡಿದು ಜಗ್ಗಿದಳು. "ಅಯ್ಯೋ, ಬಾಡಿಗೆದು ನಡೆಯಲ್ವಂತೆ ಕಣೇ. ಅರ್ಧಕ್ಕಿಂತ ಜಾಸ್ತಿ ನಾವೇ ಕೈಯಾರೆ ಮಾಡಿರ್ಬೇಕಂತೆ."

ಹೊರಟವರನ್ನು ನಾನೇ ನಿಲ್ಲಿಸಿದೆ. ಬಾಡಿಗೆಯ ವೇಷ ಬೇಡ ಅನ್ನುವ ಸ್ಪರ್ಧೆ ಎಂಥದ್ದು ಎಂದು ತಿಳಿಯದೆ ಅವರನ್ನು ಕಳಿಸಲು ಮನಸ್ಸಾಗಲಿಲ್ಲ. ಸ್ಟೂಲು ಕೊಟ್ಟು ಕೂರಿಸಿ, ಪೂರ್ತಿ ಓದಿ ಹೇಳಿ ಅಂದೆ.

ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಜಪಾನಿನಲ್ಲಿ ನರ್ಸುಗಳು ಬೇಕಂತೆ. ಅದಕ್ಕಾಗಿ ಕಾಲೇಜಿನಲ್ಲಿ ಜಪಾನಿ ಭಾಷೆಯ ತರಗತಿ ಶುರುವಾಗಿತ್ತು. ಕಲಿಸಲು ಅಲ್ಲಿಂದಲೇ ಒಬ್ಬ ಹೆಂಗಸು ಬಂದಿದ್ದರು. ಅವರ ಮುಂದಾಳುತನದಲ್ಲಿ ಒಂದು ದಿನದ ಜಪಾನೀ ಉತ್ಸವ, ಅದರೊಳಗೆ ವೇಷದ ಸ್ಪರ್ಧೆ. ಹುಡುಗಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಕಬ್ಬಿಣದ ಕತ್ತಿ ತರುವಂತಿಲ್ಲ, ರಟ್ಟಿನದು ಆಗಬಹುದು. ಮಿಂಚಿನ ಪುಡಿ ಉದುರುವ ಬಟ್ಟೆ ಬೇಡ. ಹಾಕಿದ ವೇಷದಲ್ಲಿ ಮೆಟ್ಟಿಲು ಹತ್ತಲು, ಕುರ್ಚಿಯ ಮೇಲೆ ಕೂರಲು ಬರಬೇಕು. ಮುಖಕ್ಕೆ ಬಣ್ಣ ಬಳಿದು, ಕಣ್ಣು ಸಣ್ಣ ಮಾಡಿಕೊಂಡು ಜಪಾನಿಯವರನ್ನು ಅಣಕಿಸುವಂತಿಲ್ಲ. ಹಾಕಿಕೊಂಡವರನ್ನು ಕೇಳದೆ ಅವರ ವೇಷವನ್ನು ಯಾರೂ ಮುಟ್ಟುವಂತಿಲ್ಲ. ಕಿಮೊನೊ ಉಡುವವರು ಎಡ ಮಡಿಕೆಯನ್ನು ಬಲದ ಮೇಲೆ ತರಬೇಕು, ಎಂದಿಗೂ ತಿರುಗುಮುರುಗು ಆಗಬಾರದು.

"ಯಾಕಂತೆ?" ಅಂದೆ.

"ಗೊತ್ತಿಲ್ಲ ಆಂಟಿ. ಯಾಕೆ ಅಂತ ಹಾಕಿಲ್ಲ."

ಅವರು ಹೋದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಮುಟ್ಟುವ ಮುಂಚೆ ಕೇಳಬೇಕು ಅನ್ನುವುದು ಇನ್ನೂ ವಿಚಿತ್ರವಾಗಿ ಕಂಡಿತು. ಮಕ್ಕಳ ಭುಜ ಹಿಡಿದು ತಿರುಗಿಸಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಸೊಂಟಕ್ಕೆ ದಾರ ಬಿಗಿಯುವುದೇ ನನ್ನ ಕೆಲಸ. ಒಂದು ಮಗುವನ್ನೂ ನಾನು ಕೇಳಿದ್ದಿಲ್ಲ.

ಮಾರನೆಯ ದಿನ ಅಂಗಡಿಯನ್ನು ಯಜಮಾನರಿಗೆ ಬಿಟ್ಟು ಆಟೋ ಹತ್ತಿದೆ.

ಜಪಾನಿನ ಟೀಚರು ಅರವತ್ತು ದಾಟಿದ, ಕೂದಲು ಕತ್ತರಿಸಿಕೊಂಡಿದ್ದ, ಸಣ್ಣ ಮೈಯ ಹೆಂಗಸು. ಹುಡುಗಿಯರು ಅವರನ್ನು 'ಸೆನ್ಸೆ' ಎಂದು ಕರೆಯುತ್ತಿದ್ದರು. ಟೀಚರ್ ಅಂತ ಅರ್ಥವಂತೆ. ನಾನೂ ಹಾಗೇ ಕರೆದೆ. ನನ್ನ ಇಂಗ್ಲಿಷೂ ಅವರ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು, ಹಾಗಾಗಿ ಯಾರಿಗೂ ಸಂಕೋಚವಿರಲಿಲ್ಲ. ಬಾಡಿಗೆಯದ್ದು ಯಾಕೆ ಬೇಡ ಎಂದು ನೇರವಾಗಿ ಕೇಳಿದೆ.

"ಬಾಡಿಗೆ ತಪ್ಪಲ್ಲ. ಆದರೆ ಹುಡುಗಿಯರು ತಾವೇ ಹೊಲಿದರೆ ಬಟ್ಟೆಯನ್ನು ನೋಡುತ್ತಾರೆ. ತಂದು ಹಾಕಿಕೊಂಡರೆ ಕನ್ನಡಿಯನ್ನು ನೋಡುತ್ತಾರೆ."

ಅಷ್ಟು ಹೇಳಿ, ಆಕೆ ನನ್ನ ಸೀರೆಯ ನೆರಿಗೆ ನೋಡುತ್ತಾ ಕನ್ನಡದಲ್ಲೇ, "ಮುಟ್ಟಬಹುದಾ?" ಅಂದರು. ಹೂಂ ಅಂದೆ. ಗುಂಡಿಯಿಲ್ಲ, ಹುಕ್ಕಿಲ್ಲ, ಬಿಚ್ಚಿಹೋಗದೆ ಹೇಗೆ ನಿಲ್ಲುತ್ತದೆ ಎಂದು ಅವರಿಗೆ ಸೋಜಿಗ. ನಾನು ತೋರಿಸಿದೆ. ಅವರು ಬೀರುವಿನಿಂದ ತಮ್ಮ ಹತ್ತಿಯ ಕಿಮೊನೊ ತೆಗೆದು ಮೇಜಿನ ಮೇಲೆ ಹಾಸಿದರು. ನೋಡಿದರೆ ಎಲ್ಲವೂ ನೆಟ್ಟಗಿನ ಪಟ್ಟಿಗಳು! ಕಂಕುಳಲ್ಲೂ ಕತ್ತರಿ ಬಾಗಿಸಿಲ್ಲ. ಒಂದು ಚೂರು ಬಟ್ಟೆ ವ್ಯರ್ಥವಾಗಿಲ್ಲ. ಹೊಲಿಗೆ ಬಿಚ್ಚಿದರೆ ಮತ್ತೆ ಮೊದಲಿನ ಹಾಗೆ ಉದ್ದನೆಯ ಬಟ್ಟೆಯಾಗುತ್ತದಂತೆ. ಇಷ್ಟು ವರ್ಷ ರವಿಕೆಯ ಕಂಕುಳಿಗಾಗಿ ನಾನು ಪಟ್ಟ ಪಾಡು ನೆನೆದು ನಗು ಬಂತು.

ಎಡ ಮಡಿಕೆಯ ವಿಷಯ ಕೇಳಿದೆ. ಅವರು, "ಬಲ ಮಡಿಕೆ ಮೇಲೆ ಬಂದರೆ, ಅದು ಸತ್ತವರಿಗೆ ಉಡಿಸುವ ರೀತಿ. ಹುಡುಗಿಯರು ಹೆದರಬಾರದು ಅಂತ ಕಾರಣ ಬರೆಯಲಿಲ್ಲ" ಅಂದರು. ಹೊರಡುವಾಗ ಅವರೇ ಕೇಳಿದರು. ಸ್ಪರ್ಧೆಯ ದಿನ ಬಾಗಿಲಲ್ಲಿ ನಿಂತು, ಒಬ್ಬೊಬ್ಬರ ವೇಷವೂ ನಿಯಮದಂತೆ ಇದೆಯೇ ಎಂದು ನೋಡಿ ಒಳಗೆ ಬಿಡುವ ಕೆಲಸ ನಾನು ಮಾಡಬಹುದೇ ಎಂದು. ಸೂಜಿದಾರ ಇಟ್ಟುಕೊಳ್ಳಬಹುದು, ಆದರೆ ನಾನು ಹೊಲಿಯುವಂತಿಲ್ಲ. ಒಪ್ಪಿಕೊಂಡೆ.

ಉತ್ಸವದ ದಿನ ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ನಿಂತೆ. ಮೊದಲ ಇಬ್ಬರು ಹುಡುಗಿಯರನ್ನು ಅಭ್ಯಾಸಬಲದಿಂದ ಭುಜ ಹಿಡಿದು ತಿರುಗಿಸಿಯೇಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡು, ಪ್ರತಿಯೊಬ್ಬಳಿಗೂ "ಮುಟ್ಟಲಾ ಅಮ್ಮ?" ಎಂದು ಕೇಳತೊಡಗಿದೆ. ಕೇಳಿದ ಕೂಡಲೇ ಅವರು ತಾವೇ ತಿರುಗಿ, ತೋಳೆತ್ತಿ, ಹೊಲಿಗೆ ತೋರಿಸುತ್ತಿದ್ದರು. ಎಲ್ಲಿ ಸೂಜಿ ಚುಚ್ಚಿಕೊಂಡಿತು, ಎಲ್ಲಿ ಬಿಚ್ಚಿ ಮತ್ತೆ ಹಾಕಿದೆ ಎಂದು ಕಥೆಯನ್ನೂ ಹೇಳುತ್ತಿದ್ದರು. ನನ್ನ ಅಂಗಡಿಯಲ್ಲಿ ಇಂಥ ಮಾತು ಕೇಳಿದ್ದಿಲ್ಲ.

ಒಬ್ಬಳು ಜಪಾನಿನ ಯೋಧೆಯಾಗಿ ಬಂದಳು. ತೆಂಗಿನ ಕರಟಗಳನ್ನು ಉಜ್ಜಿ ನುಣುಪು ಮಾಡಿ, ತೂತು ಕೊರೆದು, ಒಂದರ ಕೆಳಗೊಂದು ಪೋಣಿಸಿ ಕವಚ ಮಾಡಿದ್ದಳು. ನಮ್ಮೂರಿನಲ್ಲಿ ಕರಟಕ್ಕೆ ಬರವಿಲ್ಲ, ಆದರೆ ಅದು ಇಷ್ಟು ಚೆನ್ನಾಗಿ ಹೊಳೆಯುತ್ತದೆಂದು ಗೊತ್ತಿರಲಿಲ್ಲ. ನಡೆದರೆ ಲಟಲಟ ಸದ್ದು.

"ಕೂತ್ಕೊಳ್ಳಮ್ಮ ನೋಡಣ" ಅಂದೆ.

ಕುರ್ಚಿಯ ಮೇಲೆ ಅರ್ಧ ಬಗ್ಗಿ ನಿಂತುಬಿಟ್ಟಳು. ತೊಡೆಯ ಮೇಲಿನ ಕರಟಗಳು ಹೊಟ್ಟೆಗೆ ಒತ್ತುತ್ತಿದ್ದವು. "ಆಂಟಿ, ನಾನು ನಿಂತ್ಕೊಂಡೇ ಇರ್ತೀನಿ, ಬಿಟ್ಬಿಡಿ" ಎಂದು ಬೇಡಿಕೊಂಡಳು. ನಿಯಮ ನಿಯಮವೇ ಅಂದೆ. ಅವಳು ಗೊಣಗುತ್ತಲೇ ಪಕ್ಕಕ್ಕೆ ಹೋಗಿ ಕೆಳಗಿನ ಸಾಲನ್ನು ಕಳಚಿ, ಬಂದು ಧಡಕ್ಕನೆ ಕೂತು ತೋರಿಸಿ ಒಳಗೆ ಹೋದಳು.

ಅವಳ ಹಿಂದೆಯೇ ಬಂದವಳು ಬಾಣಾವರದ ಹತ್ತಿರದ ಹಳ್ಳಿಯ ಹುಡುಗಿ. ಜೊತೆಯಲ್ಲಿ ಅವಳ ಅಜ್ಜಿ. ಹಣೆಯಲ್ಲಿ ವಿಭೂತಿ, ಹಿಂದಿನ ಕಾಲದವರಂತೆ ಬಲ ಹೆಗಲ ಮೇಲೆ ಸೆರಗು. ಅಜ್ಜಿ ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಹುಡುಗಿ ಉಟ್ಟಿದ್ದ ಕಿಮೊನೊ ಅಜ್ಜಿಯ ಹಳೆಯ ಹತ್ತಿ ಸೀರೆಯದ್ದು. ಕಡುಹಸಿರು ಒಡಲು, ಎದೆಯ ಅಂಚಿನುದ್ದಕ್ಕೂ ಸೆರಗಿನ ಕೆಂಪು ಪಟ್ಟಿ. ಕೈಹೊಲಿಗೆ ಅಚ್ಚುಕಟ್ಟಾಗಿತ್ತು. ಆದರೆ ಬಲ ಮಡಿಕೆ ಮೇಲಿತ್ತು.

"ಇದು ತಿರುಗುಮುರುಗು ಆಗಿದೆಯಲ್ಲಮ್ಮ."

"ಹಂಗಾ ಅಕ್ಕ? ನಮ್ಮಜ್ಜಿ ಬಲಗಡೆ ಸೆರಗು ಹಾಕೋದು. ಅವ್ರ ಸೀರೆ ಅಲ್ವಾ, ಅದ್ಕೇ ನಾನೂ ಬಲಗಡೆದೇ ಮೇಲೆ ತಂದೆ. ಆ ನಿಯಮ ಏನೋ ಸುಮ್ನೆ ಹಾಕವ್ರೆ ಅನ್ಕೊಂಡಿದ್ದೆ."

ಕಾರಣ ಹೇಳದೆ ವಿಧಿಯಿರಲಿಲ್ಲ. ಮೆಲ್ಲಗೆ ಹೇಳಿದೆ. ಹುಡುಗಿಯ ಮುಖ ಬಿಳುಪೇರಿತು. ಒಳಗೆ ಮುಂದಿನ ಸಾಲಿನ ಕಡೆ ಕತ್ತು ಹೊರಳಿಸಿ, "ಅಕ್ಕ, ಅಜ್ಜಿಗೆ ಹೇಳ್ಬ್ಯಾಡಿ. ನಾನ್ ಹೊಲ್ದಿದ್ನ ದಿನಾ ಅವ್ರೇ ತೊಡೆ ಮೇಲೆ ಹಾಸ್ಕೊಂಡು ನೋಡ್ತಾ ಕೂತಿರೋರು" ಅಂದಳು.

ಎಡವನ್ನು ಮೇಲೆ ತಂದು ಉಟ್ಟುಕೊಂಡರೆ ಮುಗಿಯಿತಲ್ಲ ಅನ್ನಬಹುದು. ಆದರೆ ಕೆಂಪು ಪಟ್ಟಿ ಇದ್ದದ್ದು ಬಲ ಮಡಿಕೆಗೆ ಮಾತ್ರ. ಅದು ಒಳಗೆ ಹೋದರೆ ಅಷ್ಟು ದಿನದ ಕೆಲಸವೂ ಒಳಗೇ ಹೋಯಿತು. ಪಟ್ಟಿ ಬಿಚ್ಚಿ ಇನ್ನೊಂದು ಕಡೆ ಹಾಕಲು ಹೊತ್ತಿಲ್ಲ. ನಾನು ಹೊಲಿದುಕೊಡುವ ಹಾಗಿಲ್ಲ. ನನ್ನ ಕೈ ಸೂಜಿಗಾಗಿ ಚಡಪಡಿಸುತ್ತಿತ್ತು. ಬಿಚ್ಚಮ್ಮ, ಆದಷ್ಟು ಹಾಕು, ಉಳಿದದ್ದಕ್ಕೆ ಪಿನ್ನು ಚುಚ್ಚೋಣ ಅಂದೆ. ಅವಳು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ತಿರುವಿ ತಿರುವಿ ನೋಡುತ್ತಾ ನಿಂತಳು.

"ಅಕ್ಕ, ಒಳಮೈ ಹೊರಗೆ ಮಾಡಿದ್ರೆ?"

ನನಗೆ ಹೊಳೆದೇ ಇರಲಿಲ್ಲ. ಅಂಗಿಯನ್ನು ಒಳಗು ಹೊರಗು ಮಾಡಿದರೆ ಬಲ ಮಡಿಕೆ ತಾನಾಗಿ ಎಡಕ್ಕೆ ಬರುತ್ತದೆ. ಕೈಮಗ್ಗದ ಸೀರೆ, ಎರಡು ಮುಖಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೆಂಪು ಪಟ್ಟಿಯನ್ನು ಅಂಚಿನ ಎರಡೂ ಮಗ್ಗುಲಿಗೆ ಮಡಚಿ ಹೊಲಿದಿದ್ದರಿಂದ ಅದೂ ಹೊರಗೇ ಉಳಿಯುತ್ತದೆ. "ಆದರೆ ಹೊಲಿಗೆಯೆಲ್ಲಾ ಹೊರಗೆ ಕಾಣುತ್ತಲ್ಲಮ್ಮ" ಅಂದೆ.

"ಕಾಣ್ಲಿ ಬಿಡಿ" ಎಂದು ಪಕ್ಕದ ಕೋಣೆಗೆ ಓಡಿದಳು.

ಬಂದಾಗ ಎಡ ಮಡಿಕೆ ಮೇಲಿತ್ತು, ಕೆಂಪು ಪಟ್ಟಿ ಎದೆಯ ಮೇಲೆ ಓರೆಯಾಗಿ ಇಳಿದಿತ್ತು. ಹೆಗಲಲ್ಲಿ, ತೋಳಿನುದ್ದಕ್ಕೂ ಹೊಲಿಗೆಯ ಅಂಚುಗಳು ಎದ್ದು ನಿಂತಿದ್ದವು. ಅದು ತಪ್ಪೋ ಸರಿಯೋ ನನಗೆ ತಿಳಿಯಲಿಲ್ಲ. ನಿಯಮದಲ್ಲಿ ಆ ಮಾತೇ ಇರಲಿಲ್ಲ. ಒಳಗೆ ಬಿಟ್ಟೆ.

ವೇದಿಕೆಯ ಮೇಲೆ ಸೆನ್ಸೆ ಅವಳ ಸುತ್ತ ಒಂದು ಸುತ್ತು ಬಂದರು. ಕೇಳಿಯೇ ತೋಳನ್ನು ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಎಲ್ಲಿ ದಾರ ಮುಗಿದಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಾ ಕಾಣುತ್ತಿತ್ತು. ಮೊದಲ ಬಹುಮಾನ ಕರಟದ ಕವಚದವಳಿಗೆ ಬಂತು. ಈ ಹುಡುಗಿಗೆ ಯಾವ ಬಹುಮಾನವೂ ಬರಲಿಲ್ಲ. ಅವಳು ಕರಟದವಳಿಗೆ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ನನಗೇ ಒಂದು ಥರಾ ಆಯಿತು.

ಮುಗಿದ ಮೇಲೆ ಹೊರಗಿನ ಮೊಗಸಾಲೆಯಲ್ಲಿ ಸೆನ್ಸೆಯ ಜೊತೆ ಚಹಾ ಕುಡಿಯುವಾಗ ಅಜ್ಜಿ ಮೊಮ್ಮಗಳ ತೋಳು ಹಿಡಿದುಕೊಂಡರು. "ಏನ್ ಮಗಾ ಇದು, ಹೊಲಿಗೆ ಎಲ್ಲಾ ಹೊರಕ್ಕೈತೆ? ಮನೇಲಿ ಉಟ್ಟಾಗ ಹಿಂಗಿರ್ನಿಲ್ವಲ್ಲ."

ಹುಡುಗಿ ನನ್ನ ಮುಖ ನೋಡಿದಳು. ನಾನು ಸೆನ್ಸೆಯ ಮುಖ ನೋಡಿದೆ. ಸುಳ್ಳು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ನಾನೇ ಹೇಳಿದೆ. ಅಜ್ಜಿ ಬೆಚ್ಚುತ್ತಾರೆ, ಮಗುವನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟು, ಸೆನ್ಸೆಯ ಕಡೆ ತಿರುಗಿ ಕೂತರು.

"ಯಾಕ್ ತಾಯಿ ಹಂಗೆ? ಕೇಳವ್ವ ಅವ್ರನ್ನ."

ನಾನು ನಡುವೆ ಕೂತು ಕೇಳಿದೆ. ಸೆನ್ಸೆ ಹೇಳಿದರು: "ನಾನೂ ಅಮ್ಮನನ್ನು ಕೇಳಿದ್ದೆ. ಆ ಲೋಕದಲ್ಲಿ ಎಲ್ಲಾ ಉಲ್ಟಾ ಅಂದಿದ್ದರು. ಆಮೇಲೆ ಅಮ್ಮನಿಗೆ ನಾನೇ ಉಡಿಸಬೇಕಾಯಿತು. ದಿನವೂ ಎಡ ಮಡಿಕೆಯ ಅಭ್ಯಾಸ ಇದ್ದ ಕೈ. ತಪ್ಪಿ ಎಡವನ್ನೇ ಮೇಲೆ ತಂದುಬಿಟ್ಟೆ. ಪಕ್ಕದಲ್ಲಿದ್ದ ಅಕ್ಕ ಮೆಲ್ಲಗೆ ಕೈ ಹಿಡಿದು ಬದಲಾಯಿಸಿದಳು. ಆಗ ಅಳು ಬಂತು. ಅಲ್ಲಿಯವರೆಗೂ ಬಂದಿರಲಿಲ್ಲ."

ಅಜ್ಜಿ ತಲೆಯಾಡಿಸಿದರು. "ನಮ್ಮಲ್ಲಿ ಕೂರಿಸಿ ಮಣ್ಣು ಮಾಡ್ತಾರೆ ಅಂತ ಹೇಳವ್ವ. ಅಂಗೈಯಲ್ಲಿ ಲಿಂಗ ಇಟ್ಟು, ಹಣೆ ತುಂಬಾ ವಿಭೂತಿ ಬಳ್ದು. ಪೂಜೆಗೆ ಕೂತಂಗೇ ಇರ್ತೀವಿ."

ಸೆನ್ಸೆ ಬಾಗಿ ಬಾಗಿ ಕೇಳಿಸಿಕೊಂಡರು. ಕಣ್ಣು ಮುಚ್ಚಿರುತ್ತದೆಯೇ? ಯಾವ ದಿಕ್ಕಿಗೆ ಮುಖ? ಅಜ್ಜಿಯೂ ಬಿಡಲಿಲ್ಲ. ನಿಮ್ಮಲ್ಲಿ ಹೆಣ್ಣುಮಕ್ಕಳೂ ಹೆಣದ ಜೊತೆ ಮಸಣಕ್ಕೆ ಹೋಗ್ತಾರಾ? ಆವತ್ತು ಅಡುಗೆ ಏನು ಮಾಡ್ತೀರ? ಅನುವಾದ ಮಾಡುತ್ತಾ ನನ್ನ ಚಹಾ ಆರಿಹೋಯಿತು. ಇಬ್ಬರೂ ಸಾವಿನ ಮಾತನ್ನು ಹೊಸ ಪಲ್ಯದ ಹದ ವಿಚಾರಿಸಿದಂತೆ ಆಡುತ್ತಿದ್ದರು. ಮೊಮ್ಮಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಅಜ್ಜಿ ಅವಳ ಎದೆಯ ಮೇಲಿನ ಕೆಂಪು ಪಟ್ಟಿಯನ್ನು ಒಮ್ಮೆ ಸರಿಮಾಡಿ, "ನನ್ ಸೀರೆಗೆ ಯಾವ್ ಕಡೆ ಆದ್ರೂ ಒಪ್ತದೆ" ಅಂದರು.

ಆಮೇಲೊಂದು ಭಾನುವಾರ ಸೆನ್ಸೆ ನನ್ನ ಜೊತೆ ಹಳೇಬೀಡಿಗೆ ಬಂದರು. ಬೇಲೂರನ್ನು ಮೊದಲೇ ನೋಡಿದ್ದರಂತೆ. ಗೋಡೆಯ ಶಿಲ್ಪಗಳ ಮುಂದೆ ನಿಂತು, ಒಡವೆ ಇಷ್ಟೊಂದಿದೆ, ಬಟ್ಟೆ ಎಲ್ಲಿ ಅಂದರು. ನಾನೂ ಅಷ್ಟು ಸಲ ಹೋಗಿ ಗಮನಿಸಿರಲಿಲ್ಲ. ಹುಡುಕುತ್ತಾ ಹೋದರೆ, ಕಾಲ ಗಂಟಿನ ಮೇಲೆ ಒಂದು ತೆಳುವಾದ ಗೆರೆ, ತೊಡೆಯ ಮೇಲೆ ಇನ್ನೊಂದು. ಬಟ್ಟೆಯೆಂದರೆ ಅದರ ಅಂಚು ಮಾತ್ರ. ಮಡಿಕೆ ಎಡಕ್ಕೋ ಬಲಕ್ಕೋ ಎಂದು ಇಬ್ಬರೂ ಕತ್ತು ವಾಲಿಸಿ ನೋಡಿದೆವು. ಒಂದು ಕಡೆ ಎಡ ಅನ್ನಿಸಿತು, ಪಕ್ಕದಲ್ಲೇ ಬಲ ಅನ್ನಿಸಿತು.

ಬಿಸಿಲಿಳಿದ ಮೇಲೆ ಬಸ್ತಿಹಳ್ಳಿಗೆ ನಡೆದೆವು. ಬಸದಿಯ ಮುಂದೆ ಚಪ್ಪಲಿ ಬಿಟ್ಟು ನಾನು ಮೆಟ್ಟಿಲು ಹತ್ತಿದೆ. ಹಿಂತಿರುಗಿ ನೋಡಿದರೆ ಸೆನ್ಸೆ ಬಗ್ಗಿ ತಮ್ಮ ಶೂಗಳನ್ನು ರಸ್ತೆಯ ಕಡೆ ಮುಖ ಮಾಡಿ ಜೋಡಿಸುತ್ತಿದ್ದರು. ಜೊತೆಗೆ, ಅಡ್ಡಾದಿಡ್ಡಿ ಬಿದ್ದಿದ್ದ ನನ್ನ ಚಪ್ಪಲಿಗಳನ್ನೂ.

"ಇದಕ್ಕೂ ನಿಯಮ ಇದೆಯಾ ಸೆನ್ಸೆ?"

"ಇಲ್ಲ. ಹೋಗುವಾಗ ಸುಲಭ" ಅಂದರು.

ಒಳಗೆ ಕತ್ತಲಲ್ಲಿ ನುಣುಪಾದ ಕಂಬವೊಂದರಲ್ಲಿ ನಮ್ಮಿಬ್ಬರ ಮುಖಗಳೂ ಉದ್ದುದ್ದವಾಗಿ ಕಂಡವು. ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆವು.