ಸ್ವಲ್ಪಕ್ಕೂ ಬಹಳಕ್ಕೂ ನಡುವಿನ ಜಹೀರುದ್ದೀನ

ಅತನೂರಿನ ಜಹೀರುದ್ದೀನ ತೀರಿಕೊಂಡು ನಾಲ್ಕು ತಿಂಗಳಾಯಿತು. ಐವತ್ತೆರಡು ವರ್ಷದ ಮನುಷ್ಯ. ಮುಂಜಾನೆ ಎದೆನೋವು ಅಂದ, ಅಫಜಲಪುರ ಮುಟ್ಟುವ ಮೊದಲೇ ಹೋಗಿಬಿಟ್ಟ. ಬದುಕಿದ್ದಾಗ ಅವನ ಮನೆಗೆ ಮೂರು ಸಮೀಕ್ಷೆಗಳು ಬಂದಿದ್ದವು. ಮೊದಲನೆಯದರ ಪ್ರಕಾರ ಅವನು ಅಂಗವಿಕಲ. ಎರಡನೆಯದರ ಪ್ರಕಾರ ಶೇಕಡಾ ಎಪ್ಪತ್ತೈದು ವಿಕಲಚೇತನ. ಮೂರನೆಯದರ ಪ್ರಕಾರ ಯಾವ ತೊಂದರೆಯೂ ಇಲ್ಲದ ಗಟ್ಟಿಮುಟ್ಟಾದ ಗಂಡಸು. ಎರಡು ವರ್ಷದವನಿದ್ದಾಗ ಪೋಲಿಯೊ ತಿಂದುಹಾಕಿದ ಎಡಗಾಲು ಮಾತ್ರ ಮೂರು ಸಲವೂ ಅದೇ ಆಗಿತ್ತು. ಅದಕ್ಕೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಬಿಗಿದುಕೊಂಡು ಅವನು ಊರೆಲ್ಲ ಓಡಾಡುತ್ತಿದ್ದ.

ಹುಡುಗನಿದ್ದಾಗ ಅವನನ್ನು ಊರು ಕುಂಟ ಅಂದಿತ್ತು. ಆಮೇಲೆ ಸರಕಾರ ಅಂಗವಿಕಲ ಅಂದಿತು, ನಂತರ ವಿಕಲಚೇತನ, ಈಗೀಗ ವಿಶೇಷಚೇತನ. "ಪ್ರಮೋಷನ್ ಮ್ಯಾಲ ಪ್ರಮೋಷನ್ ಸಿಕ್ಕಾವು. ಕೆಲಸ ಮಾತ್ರ ಅದೇ, ಕುಂಟೋದು" ಎನ್ನುತ್ತಿದ್ದ.

ಅವನ ನಿಜವಾದ ಕೆಲಸ ತನ್ನಂಥವರ ಪಟ್ಟಿ ಇಡುವುದು. ಪಂಚಾಯಿತಿಯ ವತಿಯಿಂದ ಅಂಗವಿಕಲರ ಮನೆಗಳಿಗೆ ಹೋಗಿ ಅರ್ಜಿ ಬರೆಸುವುದು, ಶಿಬಿರಕ್ಕೆ ಕರೆದೊಯ್ಯುವುದು, ಅಲ್ಲಿ ಡಾಕ್ಟರು ಬಂದಿಲ್ಲವೆಂದು ತಿರುಗಿ ಕರೆತರುವುದು. ಪಕ್ಕದ ಮನೆಯ ಬದರುನ್ನಿಸಾಳ ಮಗಳು ಇರಮಳಿಗೆ ನಾಲ್ಕು ವರ್ಷವಾದರೂ ಮಾತು ಬರದಿದ್ದಾಗ, ಹುಡುಗಿ ಮೊಂಡಳಲ್ಲ, ಅವಳಿಗೆ ಕೇಳಿಸುತ್ತಿಲ್ಲ ಎಂದು ಮೊದಲು ಕಂಡುಕೊಂಡವನು ಅವನೇ. ಕಲಬುರಗಿಗೆ ಐದು ಸಲ ಕರೆದುಕೊಂಡು ಹೋಗಿ ಕಿವಿ ಮಷೀನು ಹಾಕಿಸಿದ. ಹುಡುಗಿ ಮೊದಲು ಕಲಿತ ಮಾತು 'ಬ್ಯಾಡ'. ಜಹೀರುದ್ದೀನ ಅದನ್ನು ಒಂದು ವಾರ ಊರ ತುಂಬ ಹೇಳಿಕೊಂಡು ತಿರುಗಿದ.

ಮೂರನೆಯ ಸಮೀಕ್ಷೆಯ ಹೊತ್ತಿಗೆ ಇರಮಳಿಗೆ ಎಂಟು ವರ್ಷ. ಕಿವಿ ಬೆಳೆದಿತ್ತು, ಕಿವಿಯ ಅಳತೆಗೆ ಮಾಡಿಸಿದ ಅಚ್ಚು ಬೆಳೆದಿರಲಿಲ್ಲ. ಮಷೀನು ಸಡಿಲಾಗಿ ಸಿಳ್ಳೆ ಹೊಡೆಯುತ್ತಿತ್ತು. ಸಮೀಕ್ಷೆಗೆ ಎರಡು ತಿಂಗಳು ಮೊದಲು ಅದೂ ನಿಂತು, ಪೂರ್ತಿ ಸುಮ್ಮನಾಗಿತ್ತು. ಹೊಸ ಮಷೀನು ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಇಂಥ ಮಕ್ಕಳಿಗೆ ಕಲಿಸಲು ವಾರಕ್ಕೊಮ್ಮೆ ಶಾಲೆಗೆ ಬರುವ ವಿಶೇಷ ಶಿಕ್ಷಕಿ ಬೇಕಾಗಿತ್ತು. ಎರಡಕ್ಕೂ ಮೇಲಿನಿಂದ ಹೊಸ ಆದೇಶ ಬಂದಿತ್ತು: ಈ ವರ್ಷದ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಜಹೀರುದ್ದೀನ ತನ್ನ ಕೈಬರಹದ ಪಟ್ಟಿ ತೋರಿಸಿದ. ಅದು ಪಟ್ಟಿಯಲ್ಲ, ಕೇವಲ ಮಾಹಿತಿ ಅಂದರು.

ಊರಿಗೆ ಸಮೀಕ್ಷೆಗಳ ಅನುಭವ ಇಲ್ಲದಿರಲಿಲ್ಲ. ಮೊದಲನೆಯದು "ಮನ್ಯಾಗ ಅಂಗವಿಕಲರು ಯಾರರೆ ಅದಾರೇನ್ರಿ" ಎಂದು ಬಾಗಿಲಲ್ಲೇ ಕೇಳಿತ್ತು. ಹನ್ನೊಂದು ಜನ ಸಿಕ್ಕರು. ಎರಡನೆಯದು ಬರುವ ಮುಂಚಿನ ದಿನ, ಮೂರು ಗಾಲಿಯ ಗಾಡಿ ಕೊಡುತ್ತಾರೆಂಬ ಸುದ್ದಿ ಬಂದಿತ್ತು; ನೂರಾ ನಲವತ್ತು ಜನ ಸಿಕ್ಕರು, ಅದರಲ್ಲಿ ಹಿಂದಿನ ವಾರ ಕಬಡ್ಡಿ ಆಡಿದವರೂ ಇದ್ದರು. ಈ ಸಲದ್ದು ಶಾಸ್ತ್ರೀಯವಾದದ್ದು. ಅಂಗವಿಕಲ ಎಂಬ ಮಾತನ್ನೇ ಎತ್ತಕೂಡದು. ನೋಡುವುದರಲ್ಲಿ, ಕೇಳುವುದರಲ್ಲಿ, ನಡೆಯುವುದರಲ್ಲಿ ಕಷ್ಟ ಇದೆಯೇ ಎಂದು ಕೇಳಬೇಕು. ಉತ್ತರ ನಾಲ್ಕೇ: ಕಷ್ಟವಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಸಾಧ್ಯವೇ ಇಲ್ಲ. 'ಬಹಳ'ದಿಂದ ಮೇಲಿನವರು ಪಟ್ಟಿಗೆ. 'ಸ್ವಲ್ಪ'ದವರು ತಮ್ಮ ಪಾಡಿಗೆ.

ಜಹೀರುದ್ದೀನನಿಗೆ ಈ ಪ್ರಶ್ನೆಗಳು ಹಿಡಿಸಿದವು. "ಎಲ್ಲಾ ಊರಾಗೂ ಒಂದೇ ಮಾತು ಕೇಳ್ತಾರ, ಒಂದೇ ತಕ್ಕಡಿ. ಈ ಸಲ ನ್ಯಾಯ ಆಗ್ತದ" ಎಂದು ಮನೆಮನೆಗೆ ಹೋಗಿ ಹೇಳಿದ. "ನಾಚ್ಕೋಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳ್ರಿ."

ಅವನೂ ಮರೆತದ್ದು ಒಂದಿತ್ತು. ಬಾಗಿಲಿಗೆ ಬಂದವರು ಹೇಗಿದ್ದೀರಿ ಎಂದು ಕೇಳಿದರೆ ಆ ಊರಿನಲ್ಲಿ ಯಾರೂ ಮೊದಲ ಸಲಕ್ಕೆ ನಿಜ ಹೇಳುವುದಿಲ್ಲ. ಬಂದವರ ಮುಂದೆ ತನ್ನ ನೋವು ಹರಡುವುದು ಹರಿದ ಚಾಪೆ ಹಾಸಿದಂತೆ. ಮೊದಲ ಚಹಾದವರೆಗೆ ಎಲ್ಲರೂ ಆರಾಮ. ಎರಡನೆಯ ಚಹಾ ಬಂದ ಮೇಲೆ ಮೊಣಕಾಲು, ಸಕ್ಕರೆ ಕಾಯಿಲೆ, ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೊಂದಾಗಿ ಹೊರಬರುತ್ತಾರೆ. ಸಮೀಕ್ಷೆಯ ಕೈಪಿಡಿಯೋ, ಒಂದು ಪ್ರಶ್ನೆಗೆ ನಲವತ್ತು ಸೆಕೆಂಡು ಕೊಟ್ಟಿತ್ತು. ಜನರಿಂದ ಚಹಾ, ಫಳಾರ ಸ್ವೀಕರಿಸಬಾರದೆಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಗುತ್ತಿಗೆ ಹಿಡಿದ ಸಂಸ್ಥೆಯಿಂದ ಟ್ಯಾಬ್ ಹಿಡಿದು ಬಂದವಳು ಫರಹೀನ, ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿ. ಊರಿನ ಕಾರ್ಯಕರ್ತ ಒಳಗಿದ್ದರೆ ಉತ್ತರ ಕೆಡುತ್ತದೆಂಬ ನಿಯಮವಿತ್ತು. ಜಹೀರುದ್ದೀನ ಮನೆ ತೋರಿಸಿ ಓಣಿಯಲ್ಲಿ ನಿಲ್ಲಬೇಕು.

ಮೊದಲು ಶಿವರಾಯ ಮುತ್ಯಾನ ಮನೆ. ಮುದುಕನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷ ಮೂರಾಗಿತ್ತು.

"ಮುತ್ಯಾ, ಕನ್ನಡಕ ಹಾಕ್ಕೊಂಡ್ರೂ ನೋಡೋದ್ರಾಗ ಏನರೆ ತ್ರಾಸ ಆಗ್ತದೇನ್ರಿ?"

"ಏನೂ ಇಲ್ಲವ್ವ. ಶರಣರ ಪುಣ್ಯದಿಂದ ಎಲ್ಲಾ ಛಲೋ ಅದ. ನೀ ಕುಂದ್ರು. ನಿನ್ನ ಬಾಜೂಕ ನಿಂತಾನಲ್ಲ, ಆ ತಮ್ಮಗೂ ಕುಂದ್ರಂತ ಹೇಳು."

ಅವಳ ಪಕ್ಕದಲ್ಲಿದ್ದದ್ದು ಆ ಮುಂಜಾನೆ ಮಗ ತಂದಿಟ್ಟ ತೊಗರಿಯ ಚೀಲ. ಫರಹೀನ ಚೀಲವನ್ನು ನೋಡಿದಳು, ಮುದುಕನನ್ನು ನೋಡಿದಳು. ಉತ್ತರದಾತ ಹೇಳಿದ್ದನ್ನೇ ಒತ್ತಬೇಕೆಂದು ತರಬೇತಿಯಲ್ಲಿ ಹೇಳಿದ್ದರು. 'ಕಷ್ಟವಿಲ್ಲ' ಒತ್ತಿದಳು. ಓಣಿಯಲ್ಲಿ ನಿಂತ ಜಹೀರುದ್ದೀನ ಹಣೆ ಹಣೆ ಬಡಿದುಕೊಂಡ.

ಬದರುನ್ನಿಸಾಳ ಮನೆಯಲ್ಲಿ ಏನಾಯಿತೆಂಬುದು ಅವನಿಗೆ ಕೇಳಿಸಲಿಲ್ಲ. ಕೊನೆಗೆ ಫರಹೀನ ಅವನ ಅಂಗಳಕ್ಕೇ ಬಂದಳು.

"ಚಾಚಾ, ಕ್ಯಾಲಿಪರ್ ಹಾಕ್ಕೊಂಡ್ರೂ ನಡೆಯೋದ್ರಾಗ, ಮೆಟ್ಟಲಾ ಏರೋದ್ರಾಗ ತ್ರಾಸ ಆಗ್ತದೇನ್ರಿ?"

"ಅಯ್ಯ, ನನಗೇನ ಆಗ್ಯಾದ ಬೇಟಿ? ಆರಾಮ ಅದೀನಿ. ಬಿಸಿಲಾಗ ಬಂದೀದಿ, ಪಾನಿ ತಗೋ."

ಎರಡು ತಿಂಗಳಿಗೆ ಪಟ್ಟಿ ಬಂತು. ಊರಿಗೆಲ್ಲ ನಾಲ್ಕು ಹೆಸರು. ಎರಡನೆಯ ಸಮೀಕ್ಷೆಯಾಗಿ ಹತ್ತೊಂಬತ್ತು ತಿಂಗಳಲ್ಲಿ ನೂರಾ ಮೂವತ್ತಾರು ಜನ ಗುಣವಾಗಿದ್ದರು. ಯಾವ ದರ್ಗಾಕ್ಕೂ ಇಂಥ ಕೀರ್ತಿ ಬಂದಿರಲಿಕ್ಕಿಲ್ಲ. ಇರಮಳ ಹೆಸರು ಇರಲಿಲ್ಲ.

ಜಹೀರುದ್ದೀನ ಸಿಟ್ಟಿನಿಂದ ಬದರುನ್ನಿಸಾಳ ಅಂಗಳದಲ್ಲಿ ನಿಂತ. "ಏನ್ ಹೇಳಿದಿ ಬೇ ಆ ಹುಡುಗಿಗಿ?"

"ಎಲ್ಲಾ ಕೇಳಸ್ತದ ಅಂದೆ." ಅವಳು ತಲೆ ಎತ್ತಲಿಲ್ಲ. ಸಮೀಕ್ಷೆಯವರು ಬರುತ್ತಾರೆಂದು ಇರಮಳಿಗೆ ಈದ್‌ಗೆ ಹೊಲಿಸಿದ ಬಟ್ಟೆ ಹಾಕಿದ್ದಳು, ತಲೆ ಬಾಚಿದ್ದಳು, ಸತ್ತ ಮಷೀನನ್ನು ಒರೆಸಿ ಕಿವಿಗೆ ಸಿಕ್ಕಿಸಿದ್ದಳು.

"ಮಷೀನ್ ಬಂದ್ ಆಗ್ಯಾದ ಅಂತ ಹೇಳಬೇಕಿಲ್ಲ?"

"ಅಕಿ ಕೇಳಿದ್ದು ಮಷೀನ್ ಹಾಕ್ಕೊಂಡ್ರ ಕೇಳಸ್ತದೇನಂತ. ನಡೀತದೋ ಇಲ್ಲೋ ಅಂತ ಕೇಳ್ಲಿಲ್ಲ. ಓಣಿ ಹೆಣ್ಮಕ್ಕಳೆಲ್ಲ ಬಾಗಲಾಗ ನಿಂತಿದ್ರು. ಎಲ್ಲಾರ ಮುಂದ ನನ್ನ ಮಗಳು ಕಿವುಡಿ ಅಂತ ನಾನೇ ಹೇಳ್ಲೇನು?" ಆಮೇಲೆ ತಲೆ ಎತ್ತಿ ಕೇಳಿದಳು: "ಭಾಯಿ, ನೀವೇನ್ ಹೇಳಿದ್ರಿ ನಿಮ್ಮ ಕಾಲಿಂದು?"

ಜಹೀರುದ್ದೀನ ಬಾಯಿ ತೆರೆದ. ಆಗ ನೆನಪಾಯಿತು. ಊರಿಗೆಲ್ಲ ಪಾಠ ಮಾಡಿದವನು ತಾನೇ ಪಾಸಾಗಿರಲಿಲ್ಲ. ತಿರುಗಿ ಮನೆಯತ್ತ ನಡೆದ. ಕ್ಯಾಲಿಪರ್‌ನ ಕೀಲು ಕಿರುಗುಟ್ಟುವುದು ಅವನ ಬಾಗಿಲವರೆಗೂ ಕೇಳಿಸಿತು.

ಮರುದಿನ ಸಂಸ್ಥೆಯ ಮೇಲ್ವಿಚಾರಕ ಸುನೀಲಕುಮಾರನಿಗೆ ಫೋನು ಹಚ್ಚಿದ.

"ಹುಡುಗಿಗಿ ಮಷೀನ್ ಅದ ಅಲ್ರಿ? ಮಷೀನ್ ಇದ್ದವರನ್ನ ಮಷೀನ್ ಸಹಿತನೇ ಅಳೀಬೇಕು. ಹಂಗಂತ ರೂಲ್ ಅದ" ಎಂದ ಸುನೀಲಕುಮಾರ.

"ಮಷೀನ್ ಸತ್ತದರಿ."

"ಸತ್ರೂ ಅದ ಅಲ್ರಿ?"

"ಹಂಗಾದ್ರ ಹೊಸಾದು ಕೊಡ್ರಿ."

"ಹೊಸಾದಕ್ಕ ಪಟ್ಟಿಯಾಗ ಹೆಸರಿರಬೇಕು."

"ಪಟ್ಟಿಯಾಗ ಬರಬೇಕಂದ್ರ?"

"ಮಷೀನ್ ಇದ್ದೂ ಬಹಳ ಕಷ್ಟ ಇರಬೇಕು."

"ಅಂದ್ರ, ನಾ ಆ ಮಷೀನ ಕೊಡಸ್ದೇ ಇದ್ದಿದ್ರ ಈಗ ಅಕಿಗಿ ಮಷೀನ ಸಿಗ್ತಿತ್ತು."

ಸುನೀಲಕುಮಾರ ಕೆಟ್ಟವನಲ್ಲ. ಅವನಿಗೂ ಅವನದೇ ತಲೆಬಿಸಿ ಇತ್ತು. ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಅವನ ಇನ್ನೊಬ್ಬ ಗಣತಿದಾರ ಕನ್ನಡಕ ಹಾಕಿದವರನ್ನೆಲ್ಲ 'ಬಹಳ ಕಷ್ಟ'ಕ್ಕೆ ಸೇರಿಸಿ ಇನ್ನೂರಾ ಹನ್ನೊಂದು ಮಾಡಿಟ್ಟಿದ್ದ. ಆ ಪಟ್ಟಿಯಲ್ಲಿ ಆ ಊರಿನ ಹೆಡ್‌ಮಾಸ್ತರರೂ ಇದ್ದರು.

"ಅಲ್ಲಿ ಇನ್ನೂರಾ ಹನ್ನೊಂದು, ನಿಮ್ಮಲ್ಲಿ ನಾಕು. ಎರಡೂ ಕೂಡಿಸಿ ಭಾಗಿಸಿದ್ರ ಸರಾಸರಿ ಬರೋಬ್ಬರಿ ಬರ್ತದ ನೋಡ್ರಿ. ನಮ್ಮ ಮ್ಯಾಲಿನವರು ಅದಕ್ಕ ಖುಷಿ ಅದಾರ" ಎಂದ ಸುನೀಲಕುಮಾರ.

"ಸರಾಸರಿ ಹುಡುಗಿಗಿ ಸರಾಸರಿ ಮಷೀನ ಹಾಕಬೇಕಾ ಸಾಹೇಬ್ರ?"

ಇಪ್ಪತ್ತಕ್ಕೊಂದು ಮನೆಯನ್ನು ಎರಡನೆಯ ಸಲ ಪರೀಕ್ಷಿಸುವ ಅವಕಾಶವಿತ್ತು. ಅನುಮಾನ ಬಂದ ಊರನ್ನು ಪೂರ್ತಿ ಮತ್ತೆ ಕೇಳಬಹುದಿತ್ತು. ಎಂಟು ದಿನ ಫೋನು ಮಾಡಿಸಿಕೊಂಡ ಮೇಲೆ ಸುನೀಲಕುಮಾರ ಒಪ್ಪಿದ. ಜಹೀರುದ್ದೀನ ಒಂದೇ ಮಾತು ಹೇಳಿದ: "ನಿಮ್ಮ ಪ್ರಶ್ನೆ ಬದಲ ಮಾಡಬ್ಯಾಡ್ರಿ. ಚಹಾ ಕುಡಿದು ಕೇಳ್ರಿ. ಒಂದಲ್ಲ, ಎರಡು."

ಅವರು ಬಂದ ದಿನ ಜಹೀರುದ್ದೀನ ತನ್ನ ಮನೆಯನ್ನೇ ಮೊದಲು ಹಿಡಿಯಿರಿ ಎಂದ. ಅಂಗಳದಲ್ಲಿ ಚಾಪೆ ಹಾಸಿದ್ದ. ಹೆಂಡತಿ ಮೆಹರಾಜಬೇಗಂ ಚಹಾ ಇಟ್ಟಳು. ಸುನೀಲಕುಮಾರ ಕೈಪಿಡಿಯನ್ನು ಚೀಲಕ್ಕೆ ತುರುಕಿ ಕಪ್ಪು ಎತ್ತಿಕೊಂಡ. ಓಣಿಯ ಹೆಂಗಸರು ಎಂದಿನಂತೆ ಬಾಗಿಲಿಗೆ ಬಂದರು, ಬದರುನ್ನಿಸಾಳೂ ಬಂದಳು. ಮೊದಲ ಚಹಾಕ್ಕೆ ಮಳೆ, ತೊಗರಿ, ಕರಜಗಿ ಕಡೆಯ ಕಬ್ಬು. ಎರಡನೆಯ ಚಹಾಕ್ಕೆ ಫರಹೀನ ಅದೇ ಪ್ರಶ್ನೆ ಓದಿದಳು.

ಜಹೀರುದ್ದೀನ ಕಪ್ಪು ಕೆಳಗಿಟ್ಟ.

"ಬಹಳ ತ್ರಾಸ ಅದ ಬೇಟಿ" ಅಂದ. "ಇದನ್ನ ಹಾಕ್ಕೊಂಡ್ರ ಮಂದಿ ಮುಂದ ನಡೀತೀನಿ. ತೊಡಿ ಎಲ್ಲಾ ಹುಣ್ಣ ಆಗ್ಯಾದ. ಬಿಚ್ಚಿದ ಮ್ಯಾಲ ಬಚ್ಚಲಕ್ಕ ಕೈಮ್ಯಾಲ ಹೋಗ್ತೀನಿ, ಕೂಸು ಹೋದಂಗ. ಮೂವತ್ತು ವರ್ಷ ಆಯ್ತು, ನನ್ನ ಹೆಂಡ್ತಿಗಿ ಬಿಟ್ಟು ಯಾರಿಗೂ ಗೊತ್ತಿಲ್ಲ."

ಮೆಹರಾಜಬೇಗಂ ಕೆಟಲಿ ಹಿಡಿದುಕೊಂಡು ಒಳಗೆ ಹೋದಳು. ಊರಿನಲ್ಲಿ ಅವನ ಬಗ್ಗೆ ಜೋಕು ಮಾಡದವರಿರಲಿಲ್ಲ. ಅವನೇ ಎಲ್ಲರಿಗಿಂತ ಮುಂದೆ ಮಾಡುತ್ತಿದ್ದ. ಅವತ್ತು ಅವನು ಮಾಡಲಿಲ್ಲ.

ಬಾಗಿಲಲ್ಲಿ ನಿಂತವರಲ್ಲಿ ಮೊದಲು ಅಲುಗಿದವಳು ಬದರುನ್ನಿಸಾ. "ನಮ್ಮ ಮನೀಗಿ ಬರ್ರಿ" ಅಂದಳು ಫರಹೀನಳಿಗೆ. "ಚಹಾ ಇಲ್ಲೇ ಆಗ್ಯಾದ, ಅಲ್ಲಿ ಸೀದಾ ಕೇಳ್ರಿ." ಅವಳ ಮನೆಯಲ್ಲಿ ಇರಮ ಬಾಗಿಲಿಗೆ ಬೆನ್ನು ಮಾಡಿ ಕೂತು ಬರೆಯುತ್ತಿದ್ದಳು. ತಾಯಿ ಹಿಂದಿನಿಂದ ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು. ಮೂರನೆಯ ಸಲ ಓಣಿಗೆಲ್ಲ ಕೇಳುವಂತೆ ಕೂಗಿದಳು. ಹುಡುಗಿ ಸಾಲು ಮುಗಿಸಿ ಹಾಳೆ ಮಗುಚಿದಳು.

"ಈಗ ಬರ್ಕೋರಿ" ಅಂದಳು ಬದರುನ್ನಿಸಾ.

ಆ ದಿನ ಊರಿನಲ್ಲಿ ಎಷ್ಟು ಚಹಾ ಆಯಿತೋ ಲೆಕ್ಕವಿಲ್ಲ. ಎರಡನೆಯ ಪಟ್ಟಿಯಲ್ಲಿ ಅರವತ್ತೇಳು ಹೆಸರು ಬಂದವು. ಶಿವರಾಯ ಮುತ್ಯಾನ ಕಣ್ಣಿನ ಆಪರೇಷನ್ನಿಗೆ ತಾರೀಖು ಸಿಕ್ಕಿತು. ಜೇವರ್ಗಿ ಕಡೆಯ ಹಳ್ಳಿಯ ಇನ್ನೂರಾ ಹನ್ನೊಂದು ಹಾಗೇ ಉಳಿಯಿತು, ಅಲ್ಲಿ ಯಾರೂ ದೂರು ಕೊಟ್ಟಿರಲಿಲ್ಲ. ಇರಮಳ ಕಿವಿಯ ಹೊಸ ಅಚ್ಚಿಗೆ ಅಳತೆ ಕೊಡಿಸಲು ಜಹೀರುದ್ದೀನನೇ ಕರೆದುಕೊಂಡು ಹೋದ. ಮಷೀನು ಬರುವುದಕ್ಕೆ ಎಂಟು ದಿನ ಇರುವಾಗ ಅವನು ಹೋಗಿಬಿಟ್ಟ.

ಅವನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಶಿಕ್ಷಕಿ ಗುರುವಾರಕ್ಕೊಮ್ಮೆ ಬರುತ್ತಾಳೆ. ಇರಮಳಿಗೆ ಈಗ ಹಿಂದಿನಿಂದ ಕರೆದರೂ ಕೇಳಿಸುತ್ತದೆ. ಕೆಲಸ ಹೇಳಿದರೆ ಮಾತ್ರ ಕೇಳಿಸುವುದಿಲ್ಲ. ಚೆನ್ನಾಗಿ ಕೇಳಿಸುವುದೇ ಬದರುನ್ನಿಸಾಳಿಗೆ ಚಿಂತೆಯಾಯಿತು. ಮುಂದಿನ ಸಮೀಕ್ಷೆಯಲ್ಲಿ ಮಷೀನು ಸಹಿತ ಅಳೆದರೆ ಹುಡುಗಿಗೆ ಕಷ್ಟವಿಲ್ಲ. ಕಷ್ಟವಿಲ್ಲದವರಿಗೆ ಶಿಕ್ಷಕಿ ಇಲ್ಲ, ಕಿವಿ ಬೆಳೆದಾಗ ಅಚ್ಚೂ ಇಲ್ಲ. ಇಂಥದ್ದನ್ನು ಹೇಳಿಕೊಳ್ಳಲು ಅವಳು ಮೊದಲು ಗೋಡೆಯಾಚೆಯ ಜಹೀರುದ್ದೀನನನ್ನು ಕೂಗುತ್ತಿದ್ದಳು. ಈಗ ಗೋಡೆಯಾಚೆ ಮೆಹರಾಜಬೇಗಂ ಒಬ್ಬಳೇ ಇದ್ದಾಳೆ. ಬದರುನ್ನಿಸಾ ಅವಳ ಹತ್ತಿರ ಹೋಗಿ ಜಹೀರುದ್ದೀನನ ಫೋನು ಕೇಳಿ ತೆಗೆದುಕೊಂಡಳು, ಸುನೀಲಕುಮಾರನ ಹೆಸರು ಹುಡುಕಿ ಹಚ್ಚಿದಳು.

ತೀರಿಕೊಂಡವನ ಹೆಸರು ಪರದೆಯ ಮೇಲೆ ಕಂಡು ಸುನೀಲಕುಮಾರ ಗಾಬರಿಯಾಗಿರಬೇಕು. "ಹಲೋ, ಯಾರ್ರಿ?" ಎಂದ.

"ಅತನೂರಿನ ಬದರುನ್ನಿಸಾ. ಮುಂದಿನ ಸಲ ಬಂದಾಗ ನನ್ನ ಮಗಳಿಗಿ ಮಷೀನ ಹಾಕಿ ಒಂದ ಸಲ ಕೇಳ್ರಿ, ತೆಗೆದು ಒಂದ ಸಲ ಕೇಳ್ರಿ. ಎರಡೂ ಬರ್ಕೋರಿ."

"ಅಕ್ಕೋರೆ, ಅದಕ್ಕ ಫಾರಮ್‌ನಾಗ ಒಂದೇ ಖಾನೆ ಅದರಿ."

"ಹಂಗಾದ್ರ ಇನ್ನೊಂದು ಖಾನೆ ಹಾಕ್ಸ್ರಿ. ನಾ ನಾಳೀಗಿ ಮತ್ತ ಫೋನ್ ಹಚ್ತೀನಿ."

ಮರುದಿನ ಹಚ್ಚಿದಳು. ಈಗಲೂ ದಿನಾ ಹಚ್ಚುತ್ತಿದ್ದಾಳೆ.