ತೊಳೆದು ಬಂದ ಬುತ್ತಿಬಟ್ಟೆ

ನಮ್ಮ ಕಡೆ ಯಾರ ಮನೆಯಿಂದ ಬುತ್ತಿ ಬಂದರೂ ಕಟ್ಟಿ ತಂದ ಬಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ತೊಳೆದು, ಒಣಗಿಸಿ, ಒಂದು ಹಿಡಿ ಕಾಳನ್ನೋ ಬೆಲ್ಲದ ಚೂರನ್ನೋ ಅದರ ಮೂಲೆಯಲ್ಲಿ ಗಂಟು ಹಾಕಿ ಕಳಿಸಬೇಕು. ನನ್ನ ಅಕ್ಕ ಈ ರೂಢಿಯನ್ನು ಕೊನೆಯವರೆಗೂ ತಪ್ಪಿಸಲಿಲ್ಲ. ಅದನ್ನು ನಂಬಿ ನಾನು ಕೆಟ್ಟೆ.

ನಾನು ಕುಷ್ಟಗಿಯಲ್ಲಿ ದೈಹಿಕ ಶಿಕ್ಷಕ. ಶಾಲೆಯ ಕೆಲಸದ ಜೊತೆಗೆ ದಿನಾ ಬೆಳಿಗ್ಗೆ ಊರವರಿಗೆ ಯೋಗ ಹೇಳಿಕೊಡುತ್ತೇನೆ. ಬರುವವರಲ್ಲಿ ಮುಕ್ಕಾಲು ಪಾಲು ಮಂದಿ ಹೊಟ್ಟೆ ಹಿಡಿದುಕೊಂಡೇ ಬರುವವರು. ನಮ್ಮೂರಿನಲ್ಲಿ ಗ್ಯಾಸ್ ಇಲ್ಲದ ಮನುಷ್ಯ ಯಾರಾದರೂ ಸಿಕ್ಕರೆ ಶಾಲು ಹೊದಿಸಿ ಸನ್ಮಾನ ಮಾಡಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಪವನಮುಕ್ತಾಸನ ಮುಗಿಸಿ, ಚಾಪೆ ಸುತ್ತಿಕೊಂಡು, ಸೀದಾ ಹೋಗಿ ಬಿಸಿ ಮಿರ್ಚಿ ತಿನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದೆ. ಅರ್ಧ ಹೊಟ್ಟೆ ಊಟ, ಕಾಲು ಹೊಟ್ಟೆ ನೀರು, ಉಳಿದದ್ದು ಗಾಳಿಗೆ ಬಿಡಿ ಎನ್ನುತ್ತಿದ್ದೆ. ಊಟಕ್ಕೆ ಮುಂಚೆ ಉಪ್ಪು ಹಚ್ಚಿದ ಹಸಿಶುಂಠಿಯ ಚೂರು, ಊಟದ ಮೇಲೆ ಜೀರಿಗೆ ಹಾಕಿದ ಮಜ್ಜಿಗೆ, ಆಮೇಲೆ ಐದು ನಿಮಿಷ ವಜ್ರಾಸನ. ಮಾಡಿದವರಿಗೆ ಗುಣವೂ ಆಗುತ್ತಿತ್ತು. ಅದು ಸುಳ್ಳಲ್ಲ, ಇಂದಿಗೂ ಸುಳ್ಳೆನ್ನುವುದಿಲ್ಲ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನಿನ್ನೂ ಮೂರನೇ ಇಯತ್ತೆ ಓದುತ್ತಿದ್ದೆ. ಆಮೇಲೆ ನನ್ನ ಪಾಲಿಗೆ ಅವ್ವನೂ ಅವಳೇ ಆದಳು. ನನಗೆ ಹೊಟ್ಟೆನೋವು ಬಂದರೆ ಇಂಗನ್ನು ನೀರಲ್ಲಿ ತೇಯ್ದು ಹೊಕ್ಕುಳ ಸುತ್ತ ಹಚ್ಚಿ, ಅಂಗೈ ಕಾಯಿಸಿ ಮೇಲಿಡುತ್ತಿದ್ದಳು. ನನ್ನ ಮೊದಲ ವೈದ್ಯಳು ಅವಳು. ಅವಳನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟಾಗ ಓಣಿಯವರೆಲ್ಲ ಹುಡುಗಿ ಅನ್ನದ ನಾಡಿಗೆ ಹೋದಳು, ಪುಣ್ಯವಂತೆ ಎಂದರು. ಅಪ್ಪ ಮಾತ್ರ ಗೊಣಗಿದ್ದ.

"ಅನ್ನ ಹೊಟ್ಟಿ ತುಂಬಸತೈತಿ, ರೊಟ್ಟಿ ಮೈ ತುಂಬಸತೈತಿ. ನನ್ನ ಮಗಳು ಅಲ್ಲೆ ಸೊರಗತಾಳ ನೋಡ್ರಿ."

ಜೋಳ ಬೆಳೆಯುವ ನಾವು ಎಷ್ಟು ಓದಿದರೂ ಈ ಮಾತು ನಮ್ಮೊಳಗಿನಿಂದ ಹೋಗುವುದಿಲ್ಲ. ಕಾಲುವೆ ನೀರಿನ ಸೀಮೆಯಲ್ಲಿ ಮೂರು ಹೊತ್ತೂ ಅನ್ನ ಉಣ್ಣುವವರನ್ನು ಕಂಡರೆ ನಮಗೆ ಒಳಗೊಳಗೇ ಕನಿಕರ. ಅಕ್ಕನಿಗೆ ತಲೆನೋವು ಬಂದರೂ ಅಪ್ಪ ಅನ್ನದ ಮೇಲೆಯೇ ತಪ್ಪು ಹೊರಿಸುತ್ತಿದ್ದ. ಅಪ್ಪ ಹೋದ ಮೇಲೆ ಆ ಕೆಲಸವನ್ನು ನಾನು ವಹಿಸಿಕೊಂಡೆ.

ಹೋದ ವರ್ಷ ದೀಪಾವಳಿಗೆ ಬಂದಾಗ ಅಕ್ಕ ಹೋಳಿಗೆಯನ್ನು ಮುರಿದು ಅರ್ಧ ಬದಿಗಿಟ್ಟಳು. ಎರಡು ತುತ್ತು ಉಂಡರೆ ಸಾಕು ಹೊಟ್ಟೆ ತುಂಬಿ ಬರುತ್ತದೆ, ಎದೆ ಉರಿಯುತ್ತದೆ ಎಂದಳು. ನಾನು ಅವಳ ನಾಲಿಗೆ ನೋಡಿದೆ. ಮೇಲೆ ಬಿಳಿಯ ಪದರ ಇತ್ತು. ಆಯುರ್ವೇದದ ಪುಸ್ತಕದಲ್ಲಿ ಓದಿದ್ದೆಲ್ಲ ಕಣ್ಣೆದುರಿಗೇ ಸಿಕ್ಕ ಸಂಭ್ರಮ ನನಗೆ.

"ಇದು ಮಂದಾಗ್ನಿ. ಜಠರಾಗ್ನಿ ಅಂದ್ರ ಒಲಿ ಇದ್ದಂಗ ಅಕ್ಕ. ಉರಿ ಸಣ್ಣದಾದಾಗ ಮ್ಯಾಲೆ ದೊಡ್ಡ ಕಟಗಿ ಒಟ್ಟಿದ್ರ ಬರೇ ಹೊಗಿ ಆಕ್ಕೈತಿ," ಎಂದೆ.

ಅಕ್ಕ ನಕ್ಕಳು. "ನಲವತ್ತು ವರ್ಷ ಒಲಿ ಊದೀನಿ. ನೀ ನನಗ ಒಲಿ ಹೇಳಾಕ ಬಂದೀಯೇನು?"

ಆದರೂ ಕೇಳಿಸಿಕೊಂಡಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಸ್ವಂತ ಹೆಂಡತಿಯೇ ನನ್ನ ಮಾತಿಗೆ ಸೊಪ್ಪು ಹಾಕುವುದಿಲ್ಲ. ಅಕ್ಕ ಮಾತ್ರ ಶಾಲೆಯ ಹುಡುಗಿಯ ಹಾಗೆ ನನ್ನೆದುರು ಮೊಣಕಾಲು ಮಡಚಿ ವಜ್ರಾಸನ ಕಲಿತಳು. ಅನ್ನ ಬಿಡು, ರೊಟ್ಟಿ ತಿನ್ನು, ಹೊತ್ತು ಮುಳುಗುವ ಮುಂಚೆ ಉಣ್ಣು ಎಂದೆ. ಆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವರು ಯಾರೂ ಇಲ್ಲ, ಅವಳಿಗೆ ಗದ್ದೆಯ ಕೆಲಸದಲ್ಲಿ ಪುರಸೊತ್ತಿಲ್ಲ. ಹಾಗಾಗಿ ವಾರಕ್ಕೊಮ್ಮೆ ಇಲ್ಲಿಂದಲೇ ಕಟಕ ರೊಟ್ಟಿ ಕಳಿಸುತ್ತೇನೆ ಎಂದೆ. ನನ್ನ ಹೆಂಡತಿ ರೊಟ್ಟಿ ಬಡಿದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟುವಳು. ನಾನು ತಾವರಗೇರಿ ಮೇಲೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುವೆ. ಗಂಗಾವತಿಯ ಬಸ್ ನಿಲ್ದಾಣದಲ್ಲಿ ಭಾವ ಇಸಿದುಕೊಳ್ಳುವರು. ಮುಂದಿನ ವಾರ ಅದೇ ಬಸ್ಸಿನಲ್ಲಿ ಬಟ್ಟೆ ತಿರುಗಿ ಬರುವುದು. ಸಾಬೂನಿನ ವಾಸನೆ, ಮೂಲೆಯಲ್ಲಿ ಒಂದು ಹಿಡಿ ಹೊಸ ಅಕ್ಕಿ.

ಮೊದಲ ತಿಂಗಳು ಅವಳಿಗೆ ನಿಜವಾಗಿಯೂ ಹಗುರವಾಯಿತು. ಎದೆಯುರಿ ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ ಎಂದು ತಾನೇ ಫೋನು ಮಾಡಿ ಹೇಳಿದಳು. ನಾನು ಮರುದಿನ ಯೋಗದ ತರಗತಿಯಲ್ಲಿ ಎಲ್ಲರ ಮುಂದೆ ಅವಳ ಕಥೆ ಹೇಳಿದೆ. ಅವಳಿಗೂ ಫೋನು ಮಾಡಿ, ನಿನ್ನ ಹೆಸರು ಕುಷ್ಟಗಿಯಲ್ಲೆಲ್ಲ ಆಗಿದೆ ಎಂದೆ. ಅದೊಂದು ಮಾತನ್ನು ನಾನು ಹೇಳಬಾರದಿತ್ತು. ಆಮೇಲೆ ಅವಳಿಗೆ ಮತ್ತೆ ನೋವು ಎನ್ನಲು ಬಾಯಿ ಬರಲಿಲ್ಲ.

ಸಂಕ್ರಾಂತಿಗೆ ನಾನೂ ಹೆಂಡತಿಯೂ ಮರಳಿಗೆ ಹೋದೆವು. ಬೇಸಿಗೆ ಭತ್ತಕ್ಕೆ ನೀರು ಬಿಟ್ಟಿದ್ದರು, ಗದ್ದೆ ತುಂಬ ನಾಟಿಯ ಆಳುಗಳು. ಅಕ್ಕ ಬೆಳಿಗ್ಗೆ ಎದ್ದು ಅಷ್ಟು ಜನರಿಗೆ ಅಡುಗೆ ಮಾಡಿ, ಬುಟ್ಟಿ ಹೊತ್ತುಕೊಂಡು ಗದ್ದೆಗೆ ಹೋಗಿ, ಬಡಿಸಿ, ಪಾತ್ರೆ ತೊಳೆದು ಬರುವಾಗ ಬಿಸಿಲು ಇಳಿದಿತ್ತು. ಸೂರ್ಯ ನೆತ್ತಿಯ ಮೇಲಿದ್ದಾಗ ಉಣ್ಣಬೇಕು, ಆಗ ಅಗ್ನಿ ಪ್ರಬಲವಾಗಿರುತ್ತದೆ ಎಂದು ಇವಳಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ಇವಳು ಏನು ಮಾಡುತ್ತಿರುತ್ತಾಳೆ ಎಂದು ಒಂದು ಸಲವೂ ಕೇಳಿರಲಿಲ್ಲ. ಅವತ್ತು ಕಣ್ಣಾರೆ ನೋಡಿದೆ. ನೋಡಿಯೂ ಹೊಟ್ಟೆ ತುಂಬ ಉಂಡು ವಜ್ರಾಸನದಲ್ಲಿ ಕುಳಿತೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ ಹೇಳಿದಳು. "ಅಕ್ಕಾರ ಕೈ ನೋಡಿದ್ರೇನು? ಕೈ ಎತ್ತಿದ್ರ ಬಳಿ ಮೊಣಕೈತನ ಜಾರತಾವ."

"ಆಮ, ಅಂದ್ರ ಹೊಟ್ಟ್ಯಾಗ ಅರಗದ ಉಳಿದಿದ್ದು, ಕರಗಾಕ ಹತ್ತೈತಿ. ಮೈ ಹಗುರ ಆಗೂದು ಛಲೋ ಲಕ್ಷಣ," ಎಂದೆ.

"ನಿಮ್ಮ ಪುಸ್ತಕ ನನಗ ತಿಳಿಯೂದಿಲ್ರಿ. ಬಳಿ ತಿಳಿತೈತಿ. ಒಮ್ಮಿ ದವಾಖಾನಿಗೆ ತೋರಸ್ರಿ."

ನನಗೆ ಸಿಟ್ಟು ಬಂತು.  ಇಂಗ್ಲಿಷ್ ಮದ್ದು ನುಂಗಿಸಿದರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಅಕ್ಕನ ಹೊಟ್ಟೆಗಿಂತ ನನ್ನ ಮಾತು ದೊಡ್ಡದಾಗಿತ್ತು. 

ಅಲ್ಲಿಂದ ಮೂರು ತಿಂಗಳು ರೊಟ್ಟಿ ಹೋಯಿತು, ಬಟ್ಟೆ ಬಂತು. ವಾರ ತಪ್ಪಲಿಲ್ಲ. ಪ್ರತಿ ಸಲ ಗಂಟು ಬಿಚ್ಚಿ ಹೆಂಡತಿಗೆ ತೋರಿಸುತ್ತಿದ್ದೆ. "ನೋಡು, ಒಂದು ಚೂರು ಉಳಿಸಿಲ್ಲ. ಹಸಿವು ಎದ್ದೈತಿ." ಅವಳು ಅಕ್ಕಿಯನ್ನು ಒಂದು ಡಬ್ಬಿಗೆ ಸುರಿದಿಡುತ್ತಿದ್ದಳು. ನಾನು ಅಕ್ಕನಿಗೆ ಫೋನು ಮಾಡಿ "ರೊಟ್ಟಿ ಬಂದ್ವೇನು?" ಎಂದು ಕೇಳುತ್ತಿದ್ದೆ. "ಬಂದ್ವಪಾ, ಭಾಳ ಛಲೋ ಆಗ್ಯಾವ," ಎನ್ನುತ್ತಿದ್ದಳು. ದನಿ ಸಣ್ಣದಾಗಿದೆ ಎನಿಸಿದರೂ ದೂರದ ಫೋನು ಎಂದು ಸುಮ್ಮನಾಗುತ್ತಿದ್ದೆ. ಗಂಗಾವತಿ ಏನು ಮಹಾ ದೂರ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಭಾವನ ಫೋನು ಬಂತು. ಅಕ್ಕ ನೀರು ಕುಡಿದರೂ ವಾಂತಿ ಮಾಡುತ್ತಿದ್ದಾಳೆ, ಕೊಪ್ಪಳಕ್ಕೆ ಕರೆದೊಯ್ಯುತ್ತಿದ್ದೇವೆ ಎಂದರು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು. ಹಾಸಿಗೆಯ ಮೇಲೆ ಮಲಗಿದ್ದವಳು ನನ್ನ ಅಕ್ಕ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಬಳೆಗಳನ್ನು ತೆಗೆದಿಟ್ಟಿದ್ದರು.

ಡಾಕ್ಟರು ನನ್ನನ್ನೂ ಭಾವನನ್ನೂ ಹೊರಗೆ ಕರೆದು, ಜಠರದ ಬಾಯಿಗೆ ಗಡ್ಡೆ ಬೆಳೆದಿದೆ, ಈಗ ಯಕೃತ್ತಿಗೂ ಹರಡಿದೆ ಎಂದರು. "ಎಷ್ಟು ತಿಂಗಳಿಂದ ತೂಕ ಇಳೀತಿತ್ತು? ಮನಿಯಾಗ ಯಾರೂ ನೋಡಲಿಲ್ವೇನ್ರಿ?"

ಭಾವ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. "ನೀವು ನೋಡಾಕ ಹತ್ತೀರಿ ಅಂತ ನಾವು ಧೈರ್ಯದಾಗಿದ್ವಿ," ಎಂದರು. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಂಚೆ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು, ಆದರೆ ಮಾಡಲು ಏನಾದರೂ ಇರುತ್ತಿತ್ತು ಎಂದರು. ಮನೆಗೆ ಕರೆದೊಯ್ದು ಬೇಕಾದ್ದು ಕೊಡಿ ಎಂದರು. ಬೇಕಾದ್ದು ಎಂದರೆ ಏನು? ಅವಳ ಗಂಟಲಲ್ಲಿ ಒಂದೆರಡು ಚಮಚ ಗಂಜಿ ಇಳಿದರೆ ಅದೇ ಹೆಚ್ಚು. ಗಂಜಿ, ಅದೂ ಅನ್ನದ್ದು. ಬಿಡು ಎಂದು ನಾನೇ ಹೇಳಿದ್ದ ಅನ್ನವನ್ನು ಕಿವುಚಿ, ಸೋಸಿ, ಉಪ್ಪು ಹಾಕಿ ನಾನೇ ಕುಡಿಸಿದೆ. ಶಾಲೆಗೆ ರಜೆ ಹಾಕಿ ಇಪ್ಪತ್ತೆರಡು ದಿನ ಮರಳಿಯಲ್ಲಿದ್ದೆ. ಹೊಟ್ಟೆ ಬಿಗಿದಾಗ ಅಂಗೈ ಕಾಯಿಸಿ ಅವಳ ಹೊಕ್ಕುಳ ಮೇಲಿಡುತ್ತಿದ್ದೆ. ಬೇರೆ ಯಾವ ವಿದ್ಯೆಯೂ ಉಪಯೋಗಕ್ಕೆ ಬರಲಿಲ್ಲ.

ಒಂದು ಬೆಳಿಗ್ಗೆ ಅವಳಿಗೆ ಸ್ವಲ್ಪ ಸಮಾಧಾನ ಇದ್ದಾಗ ಕೇಳಿದೆ. "ನೋವು ಐತಿ ಅಂತ ಯಾಕ ಹೇಳಲಿಲ್ಲ?"

"ಮಂದಿ ಮುಂದೆಲ್ಲ ನನ್ನ ಸುದ್ದಿ ಹೇಳಿದ್ದಿ," ಎಂದಳು. "ನೀ ಅಷ್ಟು ಖುಷಿಯಾಗಿದ್ದಿ. ಮದ್ದು ಹತ್ತಲಿಲ್ಲ ಅಂದ್ರ ಮುಖ ಸಣ್ಣದು ಮಾಡತಿದ್ದಿ. ಸಣ್ಣಾಂವ ಇದ್ದಾಗಿಂದ ನಿನ್ನ ಆ ಮಾರಿ ನನಗ ನೋಡಾಕ ಆಗೂದಿಲ್ಲ."

ಎರಡು ದಿನದ ಮೇಲೆ ಹೋದಳು.

ದಿನಕರ್ಮಕ್ಕೆ ಊರ ಜನ ಬಂದಿದ್ದರು. ಉಂಡು ಕೈತೊಳೆದ ಮೇಲೆ ನಾಟಿಗೆ, ಕಳೆ ಕೀಳಲು ಬರುತ್ತಿದ್ದ ಒಬ್ಬ ಹೆಂಗಸು ನನ್ನ ಹತ್ತಿರ ಬಂದು ನಿಂತಳು. ಅಕ್ಕನ ವಯಸ್ಸಿನವಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಕುಷ್ಟಗಿ ತಮ್ಮ ಅಂದ್ರ ನೀವಾ ಏನ್ರಿ? ನಿಮ್ಮ ಮನಿ ರೊಟ್ಟಿ ಭಾಳ ರುಚಿ ಇರತಿದ್ವುರಿ," ಎಂದಳು.

ಅವು ನಿಮಗೆಲ್ಲಿ ಸಿಕ್ಕವು ಎಂದು ಕೇಳಿದೆ.

"ಅಕ್ಕಾರಿಗೆ ಗಟ್ಟಿ ಊಟ ಇಳೀತಿರಲಿಲ್ರಿ. ಕಡೀಕ ಮೂರು ತಿಂಗಳು ನಾವಾ ತಿಂದ್ವಿ. ಗದ್ದಿಗೆ ತಂದು ಹಂಚತಿದ್ರು. ಒಂದು ಚೂರೂ ಉಳಿಸಬ್ಯಾಡ್ರಿ, ನನ್ನ ತಮ್ಮ ಕಳಿಸ್ಯಾನ ಅಂತಿದ್ರು. ಆಮ್ಯಾಲೆ ಆ ಬುತ್ತಿ ಬಟ್ಟೀನ ತಾವಾ ಕಾಲುವ್ಯಾಗ ತೊಳೀತಿದ್ರು. ನಾ ತೊಳೀತೀನಿ ತಗೋರಿ ಅಂದ್ರೂ ಕೊಡತಿರಲಿಲ್ಲ."

ಅವಳು ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ್ದಳು. ಅಕ್ಕ ಎಷ್ಟು ಒಳ್ಳೆಯವಳು ಎಂದು ಹೇಳುವುದು ಅವಳ ಉದ್ದೇಶ. ನಾನು ಕೈ ಮುಗಿದೆ. ಆಮೇಲೆ ಹಿತ್ತಲಿಗೆ ಹೋಗಿ ಬಾಯಿಗೆ ಟವೆಲು ಒತ್ತಿಕೊಂಡು ಅತ್ತೆ.

ಯೋಗದ ತರಗತಿಯನ್ನು ನಿಲ್ಲಿಸಬೇಕು ಎಂದಿದ್ದೆ. ಹೆಂಡತಿ ಬಿಡಲಿಲ್ಲ. ಗುಣ ಆದವರೂ ಇದ್ದಾರಲ್ಲ, ಅವರೇನು ತಪ್ಪು ಮಾಡಿದ್ದಾರೆ ಎಂದಳು. ಈಗಲೂ ಶುಂಠಿ, ಮಜ್ಜಿಗೆ, ವಜ್ರಾಸನ ಎಲ್ಲ ಹೇಳುತ್ತೇನೆ. ಹೊಸಬರು ಬಂದರೆ ಮಾತ್ರ ನಾಲಿಗೆ ನೋಡುವ ಮುಂಚೆ ತೂಕ ಇಳಿದಿದೆಯೇ, ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳುತ್ತೇನೆ. ಹೆಂಗಸರಾದರೆ, ಮನೆಯಲ್ಲಿ ನೀವು ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ಕೇಳುತ್ತೇನೆ. ಅವರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಇದುವರೆಗೆ ಯಾರೂ ಅವರನ್ನು ಹಾಗೆ ಕೇಳಿದ ಹಾಗಿಲ್ಲ.

ಮೊನ್ನೆ ಅಕ್ಕನ ಹೆಸರಿನಲ್ಲಿ ಎಡೆ ಇಡುವ ದಿನ ಹೆಂಡತಿ ಆ ಡಬ್ಬಿ ತೆಗೆದಳು. ಹಿಡಿ ಹಿಡಿಯಾಗಿ ಬಂದ ಅಕ್ಕಿ ಅರ್ಧ ಡಬ್ಬಿ ತುಂಬಿತ್ತು. ಹುಳ ಬಿದ್ದಿರಲಿಲ್ಲ, ಬೇವಿನೆಲೆ ಹಾಕಿಟ್ಟಿದ್ದಳು. ಅನ್ನ ಮಾಡಿ ಎಡೆಗೆ ಇಟ್ಟು, ಉಳಿದದ್ದನ್ನು ನನಗೆ ಬಡಿಸಿದಳು. ಅಕ್ಕನ ಗದ್ದೆಯ ಅನ್ನ. ನೆತ್ತಿಯ ಮೇಲೆ ಸೂರ್ಯ ಇದ್ದ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದೆ ಉಂಡೆ. ಕೈತೊಳೆದು ರೂಢಿಯಂತೆ ವಜ್ರಾಸನದಲ್ಲಿ ಕುಳಿತೆ. ಎದೆಯುರಿಯಲಿಲ್ಲ, ಹೊಟ್ಟೆ ಬಿಗಿಯಲಿಲ್ಲ. ಐದು ನಿಮಿಷ ಕಳೆದರೂ ಎದ್ದು ನಿಲ್ಲಲು ನನ್ನಿಂದಾಗಲಿಲ್ಲ. ಹೆಂಡತಿ ಬಂದು ಕೈ ಹಿಡಿದು ಎಬ್ಬಿಸಿದಳು.