ಹನ್ನೊಂದು ಕಿಲೋ ಎಲ್ಲಿಗೆ ಹೋಯಿತು?

ಬೆಳಿಗ್ಗೆ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಬಸವನಗುಡಿಯ ಪಾರ್ಕೊಂದರ ಗೇಟಿನ ಪಕ್ಕ ಸೌಂದರ್ಯಾ ಮಂಡಿಯೂರಿ ಕೂತು, ತೂಕದ ಮೆಷಿನ್ನಿನ ಕೆಳಗೆ ರಟ್ಟಿನ ಚೂರು ತುರುಕುತ್ತಿದ್ದಾರೆ. ಅಲ್ಲಿನ ಕಲ್ಲುಚಪ್ಪಡಿ ಒಂದು ಕಡೆ ತಗ್ಗು. ಮೆಷಿನ್ ಅಲ್ಲಾಡಿದರೆ ಅರ್ಧ ಕಿಲೋ ಹೆಚ್ಚುಕಮ್ಮಿ ತೋರಿಸುತ್ತದೆ. "ಆ ಅರ್ಧ ಕಿಲೋಗೆ ಜನ ಇಡೀ ವಾರ ಬೇಜಾರು ಮಾಡ್ಕೊಂಡಿರ್ತಾರೆ ಸರ್" ಎನ್ನುತ್ತಾರೆ.

ನಡಿಗೆ ಮುಗಿಸಿ ಬಂದವರೊಬ್ಬರು ನಿಂತಲ್ಲೇ ಕೇಳುತ್ತಾರೆ: "ಮೇಡಂ, ರಾತ್ರಿ ಅನ್ನ ತಿನ್ನಬಹುದಾ?"

"ಯಾರು?"

"ಯಾರು ಅಂದ್ರೆ... ಯಾರಾದ್ರೂ."

"ಯಾರಾದ್ರೂ ಅನ್ನೋರು ಇದುವರೆಗೆ ನನ್ನ ಹತ್ರ ಬಂದಿಲ್ಲ ಸರ್. ನೀವು ಕೂತ್ಕೊಳ್ಳಿ, ಹತ್ತು ನಿಮಿಷ ಮಾತಾಡೋಣ."

ಅವರಿಗೆ ಹತ್ತು ನಿಮಿಷವಿಲ್ಲ. ಎದುರಿನ ಮರದ ಕೆಳಗೆ ಹಾಗಲಕಾಯಿ ರಸ ಮಾರುವವನ ಹತ್ತಿರ ಹೋಗುತ್ತಾರೆ. ಅವನ ಬಳಿ ಉತ್ತರ ಸಿದ್ಧವಿರುತ್ತದೆ. ಸಕ್ಕರೆ ಕಾಯಿಲೆಗೂ ಹೊಟ್ಟೆ ಬೊಜ್ಜಿಗೂ ಕೂದಲು ಉದುರುವುದಕ್ಕೂ ಅದೇ ಲೋಟ.

ನಾನೂ ಒಂದು ಪಟ್ಟಿ ಹಿಡಿದೇ ಹೋಗಿದ್ದೆ. ತುಪ್ಪ ಒಳ್ಳೆಯದೋ ಕೆಟ್ಟದ್ದೋ, ಬೆಳಗಿನ ತಿಂಡಿ ಬಿಡಬೇಕೋ ಬಿಡಬಾರದೋ. ನಮ್ಮ ಮನೆಯಲ್ಲೇ ಇದಕ್ಕೆ ಮೂರು ಅಭಿಪ್ರಾಯಗಳಿವೆ. ಸೌಂದರ್ಯಾ ಪಟ್ಟಿ ಓದಿ, ನಾನು ಎಷ್ಟು ಗಂಟೆಗೆ ಮಲಗುತ್ತೇನೆ, ಯಾವ ಮಾತ್ರೆ ನುಂಗುತ್ತೇನೆ, ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂದು ನನ್ನನ್ನೇ ಕೇಳತೊಡಗಿದರು. ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲದಲ್ಲಿ ನಾನು ಕೂತಿದ್ದೆ.

ಸೌಂದರ್ಯಾ ಅವರಿಗೆ ನಲವತ್ಮೂರು. ಚಾಮರಾಜಪೇಟೆಯ ಒಂದು ಧರ್ಮಾರ್ಥ ಕ್ಲಿನಿಕ್ಕಿನಲ್ಲಿ ಆಹಾರ ಸಲಹೆಗಾರ್ತಿ. ವಾರಕ್ಕೆರಡು ದಿನ ಬೆಳಿಗ್ಗೆ ಪಾರ್ಕು, ಉಳಿದಂತೆ ಕ್ಲಿನಿಕ್ಕು. ದಿನಕ್ಕೆ ಹದಿನಾಲ್ಕು ಜನ, ಒಬ್ಬೊಬ್ಬರಿಗೆ ಇಪ್ಪತ್ತೈದು ನಿಮಿಷ. ಸಂಜೆ ಒಂದೋ ಎರಡೋ ಮನೆ ಭೇಟಿ. ತಾಯಿ ಹನುಮಕ್ಕ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವರಾಗಿದ್ದರು; ನೂರಿಪ್ಪತ್ತು ಹುಡುಗಿಯರಿಗೆ ಅಕ್ಕಿ ಅಳೆಯುವುದನ್ನು ನೋಡುತ್ತಲೇ ಮಗಳು ಬೆಳೆದದ್ದು. ಸ್ಕಾಲರ್‌ಶಿಪ್ಪಿನಲ್ಲಿ ಓದಿ ಪೋಷಣಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದರು. ಮೊದಲು ಸೇರಿದ್ದು ತೂಕ ಇಳಿಸುವ ಖಾಸಗಿ ಸೆಂಟರಿಗೆ. ಅಲ್ಲಿ ಎಲ್ಲರಿಗೂ ಅಚ್ಚು ಹಾಕಿಸಿದ ಒಂದೇ ಹಾಳೆ, ಬಂದವರ ಹೆಸರನ್ನು ಮಾತ್ರ ಪೆನ್ನಿನಲ್ಲಿ ಬರೆಯಬೇಕು. "ಬಾಣಂತಿಗೂ ಅದೇ, ಆಟೋ ಓಡಿಸೋರಿಗೂ ಅದೇ. ಎಂಟು ತಿಂಗಳು ಬರೆದೆ. ಆಮೇಲೆ ಕೈ ಬರಲಿಲ್ಲ."

ಅವರ ಚೀಲದಲ್ಲಿ ಸದಾ ಒಂದು ಅಳತೆಯ ಲೋಟವಿರುತ್ತದೆ. ಮನೆಗೆ ಹೋದರೆ ಮೊದಲು ಕೇಳುವುದು ಸೌಟು. "ಒಂದು ಸೌಟು ಸಾರು ಅಂತಾರೆ. ಮಾವಳ್ಳಿಯ ಒಂದು ಮನೆ ಸೌಟು ನೀರಲ್ಲಿ ಅಳೆದ್ರೆ ಅರವತ್ತು ಎಂ.ಎಲ್., ಅದೇ ಬೀದಿ ಇನ್ನೊಂದು ಮನೇದು ನೂರಾ ಎಂಬತ್ತು. ನಾನು ಏನಂತ ಬರೀಲಿ?" ಅಡುಗೆಮನೆಯವರೆಗೆ ಹೋಗುವುದು ಮಾತ್ರ ಎಲ್ಲ ಕಡೆಯೂ ಸುಲಭವಲ್ಲ. ಹೆಸರು ಕೇಳಿ, ಊರು ಕೇಳಿ, ಆಮೇಲೆ ತಾಯಿಯ ಹೆಸರನ್ನೂ ಕೇಳಿ, "ಇಲ್ಲೇ ಕೂತಿರಿ, ಸೌಟು ತಂದ್ಕೊಡ್ತೀವಿ" ಎಂದ ಮನೆಗಳಿವೆ. ಅದನ್ನು ಹೇಳುವಾಗ ಅವರ ಧ್ವನಿ ಏರುವುದಿಲ್ಲ. "ಹಜಾರದಲ್ಲಿ ಕೂತ್ಕೊಂಡೂ ಅಳೀಬಹುದು" ಎಂದು ಮುಂದಿನ ಮಾತಿಗೆ ಹೋಗಿಬಿಡುತ್ತಾರೆ.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ವೆಂಕಟಾಚಲ ಮೇಷ್ಟ್ರ ಕಥೆ ಕೇಳಿ. ಹನುಮಂತನಗರದ ವೆಂಕಟಾಚಲ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಕಳೆದ ವರ್ಷ ಸೌಂದರ್ಯಾ ಅವರ ಮೆಷಿನ್ ಹತ್ತಿದಾಗ ಎಂಬತ್ನಾಲ್ಕು ಕಿಲೋ ಇದ್ದರು. ಅದಕ್ಕೂ ಮುಂಚೆ ಒಂದು ವಿಡಿಯೋ ನೋಡಿ ಹದಿನೈದು ದಿನ ಬರೀ ಹಣ್ಣು ತಿಂದಿದ್ದರು, ನೆರೆಯವರ ಮಾತು ಕೇಳಿ ಒಂದು ತಿಂಗಳು ನವಣೆ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಸೌಂದರ್ಯಾ ಅನ್ನ ಬಿಡಬೇಡಿ ಅಂದರು. ಎರಡು ಹಿಡಿ ಕಮ್ಮಿ ಮಾಡಿ, ಅದರ ಜಾಗಕ್ಕೆ ಹುಳಿಯಲ್ಲಿ ಬೇಳೆ-ತರಕಾರಿ ಜಾಸ್ತಿ ಮಾಡಿ, ಸಂಜೆಯ ಖಾರಾ ಬನ್ನು ವಾರಕ್ಕೊಂದು ಸಾಕು, ಊಟವಾದ ಮೇಲೆ ಇಪ್ಪತ್ತು ನಿಮಿಷ ನಡೆಯಿರಿ. ಅಷ್ಟೇ.

ಮೇಷ್ಟ್ರಿಗೆ ನಿರಾಸೆಯಾಯಿತಂತೆ. "ಇಷ್ಟಕ್ಕೆ ಓದಬೇಕಾಗಿತ್ತೇನಮ್ಮಾ?" ಎಂದೂ ಕೇಳಿದ್ದರು.

ನಾಲ್ಕು ತಿಂಗಳಿಗೆ ಅವರು ಎಪ್ಪತ್ಮೂರು ಕಿಲೋ. ನಡಿಗೆ ಗೆಳೆಯರು ಪಾರ್ಕಿನಲ್ಲೇ ಶಾಲು ಹೊದಿಸಿದರು. ಸೌಂದರ್ಯಾ ಸುತ್ತ ಜನ ಮುತ್ತಿಕೊಂಡರು: "ಮೇಷ್ಟ್ರಿಗೆ ಕೊಟ್ಟಿದ್ದನ್ನೇ ನಮಗೂ ಕೊಡಿ." ಕ್ಲಿನಿಕ್ಕಿನವರು ಮೇಷ್ಟ್ರ ಹಳೆ ಫೋಟೋ, ಹೊಸ ಫೋಟೋ ಹಾಕಿ ಬ್ಯಾನರ್ ಮಾಡಿಸಲು ಹೊರಟರು.

"ನನಗೆ ಸಂತೋಷ ಆಗ್ಬೇಕಿತ್ತು. ನಾನು ಲೆಕ್ಕ ಹಾಕ್ತಾ ಕೂತೆ. ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ರೂ ಮೂರು ಕೆಜಿ, ಹೆಚ್ಚಂದ್ರೆ ನಾಲ್ಕು ಇಳೀಬೇಕು. ಇನ್ನು ಏಳು ಕೆಜಿ ಎಲ್ಲಿಗೆ ಹೋಯ್ತು?"

ಊಟ ಬಿಡುತ್ತಿರಬೇಕು ಎಂದು ಮೊದಲು ಅನುಮಾನಿಸಿದರು. ಕೇಳಿದ್ದಕ್ಕೆ ಮೇಷ್ಟ್ರು ಕೆಂಡವಾದರು. "ನಾನು ಕಷ್ಟಪಟ್ಟು ಇಳಿಸಿದೀನಿ. ನಿಮ್ಮ ಪಥ್ಯದ ಮೇಲೆ ನಿಮಗೇ ನಂಬಿಕೆ ಇಲ್ವೇ?"

ಸೌಂದರ್ಯಾ ಸುಮ್ಮನಾಗಲಿಲ್ಲ. ಒಂದು ಬೆಳಿಗ್ಗೆ ಮನೆಗೇ ಹೋದರು. ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ ತುಳಸಮ್ಮ, ಹಜಾರದಲ್ಲಿ ಕೂರಿಸುವುದೋ ಒಳಗೆ ಕರೆಯುವುದೋ ಎಂದು ಒಂದು ಗಳಿಗೆ ತಡೆದರು. ಆಮೇಲೆ ಒಲೆಯ ಮೇಲಿನ ದೋಸೆ ಹೊತ್ತುತ್ತಿದೆ ಎಂದು ಒಳಗೆ ಓಡಿ, ಅಲ್ಲಿಂದಲೇ ಕೂಗಿದರು: "ಬನ್ನಿ ಬನ್ನಿ, ಇಲ್ಲೇ ಬನ್ನಿ. ನಿಮ್ಮ ಹತ್ರ ಹೇಳ್ಬೇಕು ಅಂತಿದ್ದೆ."

ತುಳಸಮ್ಮ ಹೇಳಿದ್ದು ಸೌಂದರ್ಯಾ ಊಹಿಸಿದ್ದಕ್ಕೆ ಪೂರ್ತಿ ಉಲ್ಟಾ. "ಊಟ ಬಿಡೋದಾ? ಐದು ದೋಸೆ ತಿಂತಾರೆ. ಹತ್ತು ಗಂಟೆಗೆ ಮತ್ತೆ ಹಸಿವು ಅಂತಾರೆ. ಡಬ್ಬದಲ್ಲಿಟ್ಟ ಕೋಡುಬಳೆ ಖಾಲಿ. ಚಳಿಗಾಲದಲ್ಲೂ ಫ್ಯಾನ್ ಹಾಕ್ಕೊಂಡು ಕೂರ್ತಾರೆ. ನಿಮಗೆ ಹೇಳ್ಬೇಡ ಅಂದಿದ್ರು."

ಜಾಸ್ತಿ ತಿಂದೂ ಇಳಿಯುತ್ತಿದ್ದಾರೆ! ಸೌಂದರ್ಯಾ ಅವರಿಗೆ ತಲೆ ಕೆಟ್ಟುಹೋಯಿತು. ಸಕ್ಕರೆ ಕಾಯಿಲೆ ಇರಬಹುದೆಂದು ಪರೀಕ್ಷೆ ಮಾಡಿಸಿದರು. ಸಕ್ಕರೆ ಸರಿಯಾಗಿತ್ತು. ಕ್ಲಿನಿಕ್ಕಿನ ಡಾಕ್ಟರ್ ಪ್ರಭುದೇವ ಅವರ ಬಳಿ ಹೋದರೆ, ಹೊರಗೆ ನಲವತ್ತು ರೋಗಿಗಳು. "ಇಳಿಸಿ ಅಂತ ನೀವೇ ಹೇಳಿದ್ರಿ, ಇಳಿದ್ರು. ಈಗ ಯಾಕೆ ಅಂತ ಕೇಳ್ತೀರಲ್ರೀ" ಎಂದು ಅವರು ನಕ್ಕರು.

"ಲೆಕ್ಕ ನಾನೇ ತಪ್ಪು ಮಾಡಿದೀನಾ ಅಂತ ಪುಸ್ತಕ ತೆಗೆದು ಮತ್ತೆ ಓದಿದೆ. ಓದಿದಷ್ಟೂ ಗೊಂದಲ. ಎಲ್ಲರೂ ಖುಷಿಯಾಗಿರೋವಾಗ ನಾನೊಬ್ಳೇ ಅಪಶಕುನ ನುಡೀತಿದೀನಿ ಅನ್ನಿಸ್ತು."

ಮುಂದಿನ ಶುಕ್ರವಾರ ಮೇಷ್ಟ್ರು ಪಾರ್ಕಿಗೆ ಬಂದರು. ಎಪ್ಪತ್ತೊಂದೂವರೆ. ತೂಕ ನೋಡಿದವರು ನೋಟ್‌ಬುಕ್ಕಿನಲ್ಲಿ ಸಹಿ ಹಾಕುವುದು ಅಲ್ಲಿನ ಪದ್ಧತಿ. ಮೇಷ್ಟ್ರು ಹಾಕಿದ ಸಹಿಯನ್ನು ಸೌಂದರ್ಯಾ ನೋಡಿದರು, ಹಾಳೆ ಹಿಂದಕ್ಕೆ ತಿರುವಿ ಮೊದಲ ದಿನದ ಸಹಿಯನ್ನೂ ನೋಡಿದರು. ಅವತ್ತಿನದು ಕರಿಹಲಗೆಯ ಮೇಲೆ ಬರೆದಷ್ಟು ದುಂಡಗಿತ್ತು. ಇವತ್ತಿನದು ಬಸ್ಸಿನಲ್ಲಿ ಕೂತು ಬರೆದ ಹಾಗಿತ್ತು.

"ಸರ್, ಕೈ ಚಾಚಿ" ಎಂದರು. ಚಾಚಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

ಅದೇ ನೋಟ್‌ಬುಕ್ ಹಿಡಿದು ಡಾಕ್ಟರ್ ಎದುರು ನಿಂತರು. ಈ ಸಲ ಡಾಕ್ಟರ್ ನಗಲಿಲ್ಲ. ಮೇಷ್ಟ್ರನ್ನು ಕರೆಸಿ ನಾಡಿ ಹಿಡಿದರು. ಕೂತಲ್ಲೇ ನಿಮಿಷಕ್ಕೆ ನೂರಹದಿನೆಂಟು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ರಕ್ತ ಪರೀಕ್ಷೆ ಹೇಳಿತು. ಅದು ತಿಂದದ್ದನ್ನೆಲ್ಲ ಸುಟ್ಟು, ಜೊತೆಗೆ ಮಾಂಸಖಂಡವನ್ನೂ ಕರಗಿಸುತ್ತಿತ್ತು. ಇನ್ನೂ ಬಿಟ್ಟಿದ್ದರೆ ಹೃದಯಕ್ಕೆ ತೊಂದರೆಯಾಗುತ್ತಿತ್ತು ಎಂದು ಡಾಕ್ಟರ್ ಪ್ರಭುದೇವ ನನ್ನೆದುರೇ ಒಪ್ಪಿಕೊಳ್ಳುತ್ತಾರೆ. "ಮೊದಲ ಸಲ ಬಂದು ಕೇಳಿದಾಗಲೇ ನಾನು ನೋಡಬೇಕಿತ್ತು. ಆಕೆ ಬಿಡಲಿಲ್ಲ, ಒಳ್ಳೇದಾಯ್ತು."

ಇಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕಿತ್ತು. ಪಾರ್ಕಿನಲ್ಲಿ ನಡೆದದ್ದೇ ಬೇರೆ. ಆಕೆ ಕೊಟ್ಟ ಡಯಟ್ಟಿನಿಂದಲೇ ಮೇಷ್ಟ್ರಿಗೆ ಥೈರಾಯ್ಡ್ ಬಂತಂತೆ ಎಂಬ ಸುದ್ದಿ ಹಬ್ಬಿತು. ಒಂಬತ್ತು ಜನ ಬರುವುದನ್ನು ನಿಲ್ಲಿಸಿದರು. ಮೇಷ್ಟ್ರೂ ನಾಪತ್ತೆ. ಹೊಗಳಿಸಿಕೊಂಡ ಹನ್ನೊಂದು ಕಿಲೋ ತಮ್ಮ ಸಾಧನೆಯಲ್ಲ, ಕಾಯಿಲೆ ಎಂಬುದನ್ನು ನುಂಗಿಕೊಳ್ಳಲು ಅವರಿಗೆ ಕಷ್ಟವಾಗಿತ್ತು. "ಶಾಲು ವಾಪಸ್ ಕೊಡೋಣ ಅನ್ನಿಸಿತ್ತು. ಯಾರಿಗೆ ಕೊಡೋದು?" ಎಂದು ನನಗೆ ಹೇಳುವಾಗಲೂ ಅವರ ಮುಖದಲ್ಲಿ ಸಂಕೋಚವಿದೆ.

ಮಾತ್ರೆ ಶುರುವಾದ ಮೇಲೆ ತೂಕ ಏರಿತು. ಮೂರು ತಿಂಗಳ ನಂತರ ಮೇಷ್ಟ್ರು ಪಾರ್ಕಿಗೆ ಬಂದರು. ಜನ ಕಡಿಮೆಯಾಗಲಿ ಎಂದು ಎಂಟು ಗಂಟೆಯವರೆಗೆ ಬೆಂಚಿನ ಮೇಲೆ ಕಾದರು. ಎಪ್ಪತ್ತೊಂಬತ್ತು. "ಎಲ್ಲಾ ಹಾಳಾಯ್ತು ನೋಡಮ್ಮಾ" ಅಂದರು.

"ಹಾಳಾಗಿಲ್ಲ ಸರ್. ನಾಡಿ ಎಪ್ಪತ್ತಾರಿದೆ. ಈಗ ನಿಮ್ಮ ತೂಕ ನಿಮ್ಮದೇ. ಇವತ್ತಿಂದ ಶುರು ಮಾಡೋಣ, ನಿಧಾನಕ್ಕೆ."

ಈಗ ತಿಂಗಳಿಗೆ ಅರ್ಧ ಕಿಲೋದಂತೆ ಇಳಿಯುತ್ತಿದ್ದಾರೆ. ಯಾರೂ ಶಾಲು ಹೊದಿಸುವುದಿಲ್ಲ. ಬಿಟ್ಟುಹೋದ ಒಂಬತ್ತು ಜನರಲ್ಲಿ ಮೂವರು ವಾಪಸಾಗಿದ್ದಾರೆ, ಉಳಿದವರದ್ದು ಗೊತ್ತಿಲ್ಲ.

ಎಂಟೂಮುಕ್ಕಾಲಿಗೆ ಕ್ಲಿನಿಕ್ಕಿಗೆ ಹೊರಡುವ ಗಡಿಬಿಡಿಯಲ್ಲಿದ್ದ ಸೌಂದರ್ಯಾ ಅವರನ್ನು ಕೊನೆಯದಾಗಿ ಕೇಳಿದೆ: ಇಷ್ಟು ವರ್ಷದಲ್ಲಿ ಹೆಮ್ಮೆ ಅನ್ನಿಸಿದ್ದು ಯಾವುದು? ಚೀಲದ ಜಿಪ್ ಎಳೆಯುತ್ತಲೇ ಹೇಳಿದರು.

"ಹೆಮ್ಮೆ ಅಂದ್ರೆ... ಗೊತ್ತಾಗಲ್ಲ ಸರ್. ಮೇಷ್ಟ್ರ ವಿಷಯದಲ್ಲಿ ಆಗ ನನಗೆ ಏನೂ ಅರ್ಥ ಆಗಿರ್ಲಿಲ್ಲ, ಅದು ನಿಜ. ಆದ್ರೆ ಶಾಲು ಹೊದಿಸಿದ ದಿನ ಎಲ್ಲರೂ ನಕ್ಕೊಂಡು ಫೋಟೋ ತೆಗೆಸ್ಕೊಂಡ್ರಲ್ಲ, ನನ್ನನ್ನೂ ಕರೆದ್ರು. ನಾನು ಹೋಗ್ಲಿಲ್ಲ. ಅದೊಂದು ಸರಿಯಾಗಿ ಮಾಡ್ದೆ ಅನ್ಸುತ್ತೆ."